ಎರಡು ವಂಕಿ

ಹಾಲಪ್ಪನವರ ಅಂಗಿಯ ಜೇಬಿನಲ್ಲಿ ಒಂದು ಕೆಂಪು ದೀಪ ಸದಾ ಮಿಣುಕುತ್ತಿತ್ತು. ಬಿಳಿ ಬಟ್ಟೆಯೊಳಗಿಂದ ಕುಂಕುಮದ ಬೊಟ್ಟಿನಷ್ಟು ಕಾಣುತ್ತಿದ್ದ ಆ ದೀಪಕ್ಕೆ ಅವರ ಎಡಗಿವಿಯ ಹಾಲೆಯಿಂದ ಸಣ್ಣ ತಂತಿಯೊಂದು ಇಳಿದು ಬರುತ್ತಿತ್ತು. ನಾಡಿ ಒಮ್ಮೆ ಬಡಿದರೆ ದೀಪ ಒಮ್ಮೆ ಹೊತ್ತಿ ಆರುತ್ತಿತ್ತು. ಎದೆ ಆಗಾಗ ಬಡಿತ ತಪ್ಪುತ್ತದೆ ಎಂದು ಡಾಕ್ಟರು ಹೇಳಿದಾಗ, ಯಾರು ಏನು ಹೇಳಿದರೂ ನಂಬುವ ಸ್ವಭಾವ ಅವರದಲ್ಲವಾದ್ದರಿಂದ, ತಪ್ಪುವುದನ್ನು ಕಣ್ಣಾರೆ ನೋಡಬೇಕೆಂದು ತಾವೇ ಮಾಡಿಕೊಂಡ ಯಂತ್ರ ಅದು. ನೋಡಿ ಏನು ಮಾಡಿದರೋ ನಾನರಿಯೆ. ಊರಿಗೆ ಮಾತ್ರ ಅದರಿಂದ ಬಹಳ ಉಪಕಾರವಾಯಿತು. ಅವರದು ಮೈಕ್‌ಸೆಟ್ ಬಾಡಿಗೆಗೆ ಕೊಡುವ ಅಂಗಡಿ. ಬಾಡಿಗೆ ಹೆಚ್ಚಿಗೆ ಹೇಳಿದಾಗಲೆಲ್ಲ ಜೇಬಿನ ದೀಪ ಓಡತೊಡಗುತ್ತಿತ್ತು. ಗಿರಾಕಿಗಳು ಅವರ ಮುಖ ನೋಡುವುದನ್ನು ಬಿಟ್ಟು ಜೇಬು ನೋಡಿ ಚೌಕಾಸಿ ಮಾಡುವುದನ್ನು ಕಲಿತರು.

ಅವರ ಕೈಯಲ್ಲಿ ಇಂಥವು ಬಹಳ ಹುಟ್ಟಿದವು. ವಾಲಗದ ಸದ್ದು ಏರಿದಂತೆ ದೀಪ ಹತ್ತಿಸಿಕೊಳ್ಳುವ ಮದುಮಗನ ಪೇಟ ಒಂದು. ಅದನ್ನು ಕಟ್ಟಿಕೊಂಡ ಹುಡುಗ ಇಡೀ ಮೆರವಣಿಗೆಯಲ್ಲಿ ಹೆದರಿ ಕುತ್ತಿಗೆ ಹೊರಳಿಸಲಿಲ್ಲ. ಹೂವು ಮಾರುವ ಕುರುಡ ಈರಣ್ಣನಿಗೆ ಒಂದು ಟೋಪಿ ಮಾಡಿಕೊಟ್ಟಿದ್ದರು. ಎದುರಿಗೆ ಏನಾದರೂ ಅಡ್ಡ ಬಂದರೆ ಅದು ಹಣೆಯ ಮೇಲೆ ಗುರುಗುಡುತ್ತಿತ್ತು. ಗೋಡೆಗೂ ಎಮ್ಮೆಗೂ ಭೇದ ಮಾಡುವುದಿಲ್ಲ ಎಂಬುದೊಂದೇ ಈರಣ್ಣನ ದೂರು. ಯಾವುದೂ ಅಂಗಡಿಯಲ್ಲಿ ಕೊಂಡ ವಸ್ತುವಿನ ಹಾಗೆ ಕಾಣುತ್ತಿರಲಿಲ್ಲ. ಎಲ್ಲದರಲ್ಲೂ ಬೆಸುಗೆಯ ಕಲೆ, ಅಂಟುಪಟ್ಟಿ, ಹೆಂಡತಿಯ ಹಳೆಯ ರವಿಕೆಯ ಒಂದು ತುಂಡು ಇದ್ದೇ ಇರುತ್ತಿತ್ತು.

ಆ ಹೆಂಡತಿ ಚಂಪಾವತಿ, ನಮಗೆಲ್ಲ ಚಂಪಕ್ಕ. ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಹಾಡಿ ಹೆಸರು ಮಾಡಿದವರು. ಕಂಪನಿ ನಮ್ಮೂರಿನಲ್ಲಿ ಮುಳುಗಿದಾಗ ಉಳಿದವರು ಗಂಟುಮೂಟೆ ಕಟ್ಟಿ ಹೊರಟರು. ಇವರು ಮೈಕು ರಿಪೇರಿಗೆ ಬಂದವನನ್ನು ಮದುವೆಯಾಗಿ ಇಲ್ಲೇ ನಿಂತರು. ಆಮೇಲೆ ನಮ್ಮೂರ ನಾಟಕ ಸಂಘಕ್ಕೆ ಅವರೇ ರಾಣಿ, ಅವರೇ ಗುರು. ನಾನು ಆ ಸಂಘದ ಪ್ರಾಂಪ್ಟರ್. ರಂಗದ ಪಕ್ಕದ ಪರದೆಯ ಮರೆಯಲ್ಲಿ ಕುಳಿತು, ಮಾತು ಮರೆತವರಿಗೆ ಪಿಸುಗುಟ್ಟಿ ನೆನಪಿಸುವ ಕೆಲಸ. ಮುಖ ಕಾಣಿಸಬೇಕಾಗಿಲ್ಲದ ಕೆಲಸವಾದ್ದರಿಂದ ನನ್ನ ಮುಖಕ್ಕೆ ಚೆನ್ನಾಗಿ ಹೊಂದಿತ್ತು. ಬಿಡುವಿನಲ್ಲಿ ಚಂಪಕ್ಕನ ಬಳಿ ಒಂದಿಷ್ಟು ಸಂಗೀತವನ್ನೂ ಕಲಿತೆ. ಹಾಡಲು ಬರಲಿಲ್ಲ, ಹಾಡುವವರ ತಪ್ಪು ಹಿಡಿಯಲು ಬಂತು.

ನಮ್ಮೂರಿನವರಿಗೆ ನಾಟಕವೆಂದರೆ ಒನ್ಸ್ ಮೋರ್. ಹಾಡು ಮನಸ್ಸಿಗೆ ಹಿಡಿದರೆ ಜನ ಕಾಲು ಬಡಿದು ಒನ್ಸ್ ಮೋರ್ ಎಂದು ಕೂಗಬೇಕು, ಕೂಗಿದರೆ ಹಾಡಿದವರು ಮತ್ತೆ ಹಾಡಬೇಕು. ಸತ್ತು ಬಿದ್ದ ರಾಜ ಎದ್ದು ಕುಳಿತು ಇನ್ನೊಮ್ಮೆ ಹಾಡಿ ಮತ್ತೆ ಸತ್ತದ್ದೂ ಉಂಟು. ಅದು ಎರಡೂ ಕಡೆಯವರು ಕೊಟ್ಟು ತೆಗೆದುಕೊಳ್ಳುವ ಮರ್ಯಾದೆ. ಅಂಥ ಊರಿನಲ್ಲಿ, ಬಯಲಿನ ಪೆಂಡಾಲಿನಲ್ಲಿ ಆಡಿದ ಒಂದು ನಾಟಕದಲ್ಲಿ, ಹಾಡು ಮುಗಿಸಿದ ಚಂಪಕ್ಕ, ಜನ ಗಂಟಲು ಹರಿಯುವಂತೆ ಕೂಗುತ್ತಿದ್ದ ಹಾಗೆಯೇ ಬೆನ್ನು ತಿರುಗಿಸಿ ಒಳಗೆ ಹೋದರು. ಮತ್ತೆ ಬರಲಿಲ್ಲ. ಮೊದಲ ಸಾಲಿನಲ್ಲಿದ್ದ ಕೊಬ್ಬರಿ ಮಂಡಿಯ ಪುಟ್ಟಶೆಟ್ಟರು ಎದ್ದು ಹೆಗಲ ಮೇಲಿನ ಟವೆಲು ಕೊಡವಿ ಹೊರಟರು. ಅವರ ಹಿಂದೆ ಅರ್ಧ ಊರು ಹೊರಟಿತು. ಹೊಗಳಿ ಅಟ್ಟಕ್ಕೇರಿಸಿದವರು ನಾವೇ, ಈಗ ನಾವು ಆಕೆಯ ಕಣ್ಣಿಗೆ ಕಾಣುವುದಿಲ್ಲ ಎಂದು ಜನ ಆಡಿಕೊಂಡರು. ಚಂಪಕ್ಕ ಯಾರಿಗೂ ಕಾರಣ ಹೇಳಲಿಲ್ಲ. ಸಂಘ ಅವರನ್ನು ಕರೆಯುವುದನ್ನು ಬಿಟ್ಟಿತು.

ಕೆಲವು ವರ್ಷಗಳಾದ ಮೇಲೆ ಸಂಘದವರು ಒಂದು ಹಳೆಯ ನಾಟಕವನ್ನು ಮತ್ತೆ ಎತ್ತಿಕೊಂಡರು. ರಾಜ್ಯ ಕಳೆದುಕೊಂಡ ರಾಣಿಯೊಬ್ಬಳ ಕತೆ. ರಾಣಿಗೆ ಕಡೆಯ ಅಂಕದಲ್ಲಿ ಒಂದು ದೊಡ್ಡ ಹಾಡಿತ್ತು. ಅದನ್ನು ಚಂಪಾವತಮ್ಮ ಹಾಡುವುದಾದರೆ ಮಾತ್ರ ತಾನು ಪೆಟ್ಟಿಗೆ ಮುಟ್ಟುತ್ತೇನೆ ಎಂದು ಹಾರ್ಮೋನಿಯಂ ರುದ್ರಮುನಿ ಮಾಸ್ತರರು ಹಟ ಹಿಡಿದರು. ಸಂಘದವರು ಮುಖ ಗಂಟಿಕ್ಕಿಕೊಂಡೇ ಒಪ್ಪಿದರು. ಚಂಪಕ್ಕನೂ ಒಪ್ಪಿದರು. ಮರುದಿನ ಹಾಲಪ್ಪನವರು ನನ್ನನ್ನು ಅಂಗಡಿಗೆ ಕರೆಸಿ ಬಾಗಿಲನ್ನು ಅರ್ಧ ಎಳೆದರು.

"ಅವಳಿಗೆ ಕಿವಿ ಹೋಗಿದೆ ಕಣಯ್ಯ," ಎಂದರು, ಆಂಪ್ಲಿಫೈಯರಿನ ಫ್ಯೂಸು ಹೋಗಿದೆ ಎನ್ನುವ ಧ್ವನಿಯಲ್ಲಿ. "ಅವತ್ತು ಬಯಲಲ್ಲಿ ಜನ ಕೂಗಿದ್ದು ಅವಳಿಗೆ ಕೇಳಿಸ್ಲೇ ಇಲ್ಲ."

ನಾನು ಅವರ ಜೇಬು ನೋಡಿದೆ. ದೀಪ ನಿಧಾನವಾಗಿ ಮಿಣುಕುತ್ತಿತ್ತು. ಚಂಪಕ್ಕ ಎದುರಿಗಿದ್ದವರ ತುಟಿಯನ್ನೇ ದಿಟ್ಟಿಸುತ್ತಿದ್ದುದು, ಎಲ್ಲ ಮಾತನ್ನೂ ತಾವೇ ಆಡಿ ಮುಗಿಸುತ್ತಿದ್ದುದು ಒಂದೊಂದಾಗಿ ನನಗೆ ನೆನಪಾಯಿತು. ಮಾತಾಡುವವರಿಗೆ ಕೇಳಿಸಿಕೊಳ್ಳುವ ಕಷ್ಟವಿಲ್ಲ, ಯಾರಿಗೂ ಅನುಮಾನ ಬಂದಿರಲಿಲ್ಲ. ಕಿವಿಗೆ ಹಾಕುವ ಯಂತ್ರಗಳನ್ನೆಲ್ಲ ನೋಡಿದ್ದಾಗಿತ್ತಂತೆ. ಒಳಗಿನ ನರವೇ ಸೋತಿದ್ದರಿಂದ ಅವು ಬರೀ ಗದ್ದಲ ತುಂಬಿದವಂತೆ. ಊರಿಗೆ ಹೇಳಿಬಿಟ್ಟಿದ್ದರೆ ಜನ ಆಡಿಕೊಳ್ಳುತ್ತಿರಲಿಲ್ಲವಲ್ಲ ಎಂದೆ.

"ಸೊಕ್ಕಿನವಳು ಅಂದ್ರೆ ತಡ್ಕೋತೀನಿ, ಪಾಪ ಅಂದ್ರೆ ತಡ್ಕೊಳ್ಳಲ್ಲ ಅಂತಾಳೆ. ನಾನೇನು ಮಾಡ್ಲಿ?"

ಗಂಟಲು ಮೊದಲಿನ ಹಾಗೆಯೇ ಇತ್ತು, ಹಾಡು ಉಸಿರಿನಲ್ಲೇ ಇತ್ತು. ಬಯಲಿನಲ್ಲಿ ಹಳೆಯ ಅಭ್ಯಾಸವೇ ಹಾಡಿಸಿತ್ತು. ಆದರೆ ವರ್ಷಗಟ್ಟಲೆ ತನ್ನ ದನಿ ತನಗೆ ಕೇಳಿಸದವರಿಗೆ ಶ್ರುತಿ ಹಿಡಿತದಲ್ಲಿ ನಿಲ್ಲುವುದಿಲ್ಲ. ಒಂದೆರಡು ನುಡಿ ಸರಿಯಾಗಿ ನಡೆದು ಆಮೇಲೆ ಕಾಲು ಜಾರಿದಂತೆ ಜಾರುತ್ತದೆ. ರಂಗದ ಮೇಲೆ ಹಾಗಾದರೆ ಊರಿಗೆಲ್ಲ ತಿಳಿಯುತ್ತದೆ. ತಿಳಿದರೆ ಚಂಪಕ್ಕ ಮತ್ತೆ ಹಾಡುವುದಿಲ್ಲ.

ಹಾಲಪ್ಪನವರ ಉಪಾಯ ಸರಳವಾಗಿತ್ತು. ರಾಣಿಯ ವೇಷಕ್ಕೆ ತೋಳಿಗೆ ಎರಡು ವಂಕಿ ಇರಲೇಬೇಕು. ಹಗುರ ಮರದಲ್ಲಿ ಕೆತ್ತಿ ಬೇಗಡೆ ಅಂಟಿಸಿದ ಅಗಲವಾದ ವಂಕಿಗಳು. ಅವುಗಳ ಒಳಬದಿಯನ್ನು ಕೊರೆದು, ಕೆಟ್ಟ ಫೋನಿನಿಂದ ಬಿಚ್ಚಿದ ಗುರುಗುಟ್ಟುವ ಮೋಟಾರು, ಗುಂಡಿಯಂಥ ಸೆಲ್ಲು, ತಂತಿಯಿಲ್ಲದ ಕರೆಗಂಟೆಯ ಕರುಳು, ಎಲ್ಲವನ್ನೂ ಅಡಗಿಸಿದರು. ಎರಡು ಒತ್ತುಗುಂಡಿಗಳು ನನ್ನ ಕೈಗೆ ಬಂದವು. ಶ್ರುತಿ ಇಳಿದರೆ ನಾನು ಎಡಗುಂಡಿ ಒತ್ತಬೇಕು, ಏರಿದರೆ ಬಲಗುಂಡಿ. ಆಯಾ ತೋಳು ನಡುಗಿದಂತೆ ಅವರು ತಿದ್ದಿಕೊಳ್ಳುತ್ತಾರೆ. ಎರಡೂ ಒಟ್ಟಿಗೆ ನಡುಗಿದರೆ ಒನ್ಸ್ ಮೋರ್ ಎಂದರ್ಥ, ಪಲ್ಲವಿಯಿಂದ ಮತ್ತೆ ಎತ್ತಿಕೊಳ್ಳಬೇಕು.

ಮೊದಲ ದಿನ ವಂಕಿ ನಡುಗಿದ್ದೇ ತಡ ಚಂಪಕ್ಕ ಜರಿಹುಳ ಹತ್ತಿದಂತೆ ಹಾರಿ ತೋಳಿಗೆ ಬಾರಿಸಿಕೊಂಡರು. ಹಾಲಪ್ಪನವರು ಮೋಟಾರಿನ ಸುತ್ತ ರವಿಕೆಯ ಬಟ್ಟೆ ಸುತ್ತಿ ಅದರ ಸೊಕ್ಕು ಇಳಿಸಿದರು. ಎರಡನೆಯ ದಿನ ನಾನು ಗುಂಡಿ ಮುಟ್ಟದೆಯೂ ಬಲತೋಳು ಗುರುಗುಟ್ಟತೊಡಗಿತು. ಪಕ್ಕದ ಮನೆಯ ವಕೀಲರ ಕರೆಗಂಟೆಯೂ ಅದೇ ಜಾತಿಯದಂತೆ. ಅವರ ಬಾಗಿಲಿಗೆ ಕಕ್ಷಿದಾರ ಬಂದಾಗಲೆಲ್ಲ ಚಂಪಕ್ಕನ ಶ್ರುತಿ ಇಳಿಯುತ್ತಿತ್ತು. ಅದನ್ನೂ ಬಿಚ್ಚಿ ಸರಿಮಾಡಿದ್ದಾಯಿತು. ಕೆಲವು ವಾರಗಳಲ್ಲಿ ನನ್ನ ಬೆರಳಿಗೂ ಅವರ ಗಂಟಲಿಗೂ ನಡುವೆ ತಡವೇ ಇಲ್ಲದಾಯಿತು. ಅವರು ಕಣ್ಣು ಮುಚ್ಚಿ ಹಾಡುತ್ತಿದ್ದರೆ ನನಗೆ ನಾನೇ ಹಾಡುತ್ತಿರುವಂತೆ ಅನಿಸುತ್ತಿತ್ತು. ಅಷ್ಟು ಸಂತೋಷ ನನಗೆ ಆ ಮೊದಲು ಯಾವ ಕೆಲಸದಲ್ಲೂ ಸಿಕ್ಕಿರಲಿಲ್ಲ.

ನಾಟಕ ಹತ್ತಿರವಾದಂತೆ ಕ್ಷೌರದಂಗಡಿಯಲ್ಲಿ ಒಂದು ಸುದ್ದಿ ಕಿವಿಗೆ ಬಿತ್ತು. ಚಂಪಾವತಿ ಎಷ್ಟೇ ಚೆನ್ನಾಗಿ ಹಾಡಲಿ, ಒಬ್ಬರೂ ಒನ್ಸ್ ಮೋರ್ ಎನ್ನಕೂಡದು ಎಂದು ಪುಟ್ಟಶೆಟ್ಟರು ಹೇಳಿದ್ದಾರೆ, ಜನ ಹೂಂ ಎಂದಿದ್ದಾರೆ. ಹಾಲಪ್ಪನವರಿಗೆ ತಿಳಿಸಿದೆ. ಅವಳ ಮುಂದೆ ಬಾಯಿ ಬಿಡಬೇಡ ಎಂದಷ್ಟೇ ಹೇಳಿ ಬೆಸುಗೆ ಹಾಕುವುದನ್ನು ಮುಂದುವರಿಸಿದರು. ಜೇಬಿನ ದೀಪ ಒಂದು ಬಡಿತ ತಪ್ಪಿ, ಆಮೇಲೆ ಎರಡನ್ನು ಕೂಡಿಸಿಕೊಂಡು ಹೊಡೆಯಿತು.

ಹಳೆಯ ಹತ್ತಿ ಗೋದಾಮನ್ನೇ ನಾಟಕಶಾಲೆ ಮಾಡಿದ್ದರು. ರಂಗದಿಂದ ಹಿಂದಿನ ಗೋಡೆಯವರೆಗೂ ಮರದ ಹಲಗೆಯ ಒಂದೇ ನೆಲ. ಕಡೆಯ ಅಂಕದಲ್ಲಿ ಚಂಪಕ್ಕ ಬರಿಗಾಲಿನಲ್ಲಿ ಬಂದು ನಿಂತು, ಮಾಸ್ತರರ ಬೆರಳು ಪೆಟ್ಟಿಗೆಯ ಮೇಲೆ ಊರಿದ್ದನ್ನು ನೋಡಿ ಹಾಡು ಎತ್ತಿಕೊಂಡರು. ಮೊದಲ ನುಡಿಗೆ ನನ್ನ ಕೆಲಸವೇ ಇರಲಿಲ್ಲ. ಎರಡನೆಯದರಲ್ಲಿ ಒಂದು ಎಳೆ ಇಳಿಯಿತು. ಎಡಗುಂಡಿ ಒತ್ತಿದೆ, ಸ್ವರ ಎದ್ದು ನಿಂತಿತು. ಮೇಲಿನ ಷಡ್ಜದಲ್ಲಿ ಕೂದಲೆಳೆ ಏರಿತು. ಬಲಗುಂಡಿ ಒತ್ತಿದೆ, ಸರಿಹೋಯಿತು. ಕಡೆಯ ಸಾಲನ್ನು ಅವರು ಬಿಟ್ಟುಕೊಟ್ಟ ರೀತಿಗೆ ನನ್ನ ಕಣ್ಣು ತುಂಬಿತು. ಹಾಡು ಮುಗಿಯಿತು.

ಒಂದು ಕೆಮ್ಮೂ ಇಲ್ಲ. ಊರು ಶೆಟ್ಟರಿಗೆ ಕೊಟ್ಟ ಮಾತು ನಡೆಸಿತ್ತು.

ಚಂಪಕ್ಕ ತಲೆ ತಗ್ಗಿಸಿ ಕಾಯುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ಹಾಲಪ್ಪನವರತ್ತ ನೋಡಿದೆ. ಮುಖದಲ್ಲಿ ಏನೂ ಇರಲಿಲ್ಲ. ಜೇಬಿನ ದೀಪ ಮಾತ್ರ ಯಾವ ಚೌಕಾಸಿಯಲ್ಲೂ ಓಡದಷ್ಟು ಓಡುತ್ತಿತ್ತು. ಅವರು ನನ್ನ ಕೈಯ ಮೇಲಿಂದ ಬಾಗಿ ಎರಡೂ ಗುಂಡಿಗಳನ್ನು ಒಟ್ಟಿಗೆ ಅದುಮಿದರು.

ಚಂಪಕ್ಕ ಪಲ್ಲವಿ ಎತ್ತಿಕೊಳ್ಳಲಿಲ್ಲ. ತಮ್ಮ ಪಾದಗಳನ್ನು ನೋಡಿಕೊಂಡರು. ಆಮೇಲೆ ನಾವಿದ್ದ ಮರೆಯ ಕಡೆ ತಿರುಗಿ ನೋಡಿದರು. ಮನೆಗೆ ಬನ್ನಿ ಮಾತಾಡೋಣ ಎಂದು ಹೆಂಡತಿಯರು ನೋಡುತ್ತಾರಲ್ಲ, ಆ ನೋಟ. ಒಂದೊಂದಾಗಿ ಎರಡೂ ವಂಕಿಗಳನ್ನು ಕಳಚಿ ಹಲಗೆಯ ಮೇಲೆ, ತಮ್ಮ ಹೆಬ್ಬೆರಳಿನ ಬಳಿ ಇಟ್ಟರು.

"ಈಗ ನೀವ್ಯಾರೂ ಕೂಗಲಿಲ್ಲ," ಎಂದರು ಜನಕ್ಕೆ. "ಕೂಗಿದ್ರೆ ಕಾಲೂ ಬಡೀತಿದ್ರಿ, ಈ ಹಲಗೆ ನನ್ನ ಅಂಗಾಲಿಗೆ ಹೇಳ್ತಿತ್ತು. ನನಗೆ ಕಿವಿ ಕೇಳ್ಸಲ್ಲ. ಅವತ್ತು ಬಯಲಲ್ಲಿ ನೀವು ಕೂಗಿದ್ದೂ ಕೇಳ್ಸಲಿಲ್ಲ. ಅದು ಮಣ್ಣಿನ ನೆಲ, ಅದೂ ಏನೂ ಹೇಳ್ಲಿಲ್ಲ. ಮರುದಿನ ಗೊತ್ತಾಯ್ತು. ಗೊತ್ತಾದ್ಮೇಲೆ ಹೇಳೋಕೆ ನಾಲಿಗೆ ಬರ್ಲಿಲ್ಲ. ಪಾಪ ಅನ್ನಬೇಡಿ. ನೀವು ಅವತ್ತು ಮರ್ಯಾದೆ ಕೊಟ್ರಿ, ನಾನು ವಾಪಸ್ ಕೊಡಲಿಲ್ಲ. ಈಗ ಹಾಡ್ತೀನಿ."

ಬಯಲಿನ ನಾಟಕದ ಆ ಹಳೆಯ ಹಾಡನ್ನೇ ಎತ್ತಿಕೊಂಡರು. ತೋಳು ಬರಿದಾಗಿತ್ತು. ನನ್ನ ಕೈಯಲ್ಲಿ ಗುಂಡಿಗಳಿದ್ದರೂ ನಾನು ಯಾರಿಗೂ ಬೇಡವಾದವನಾಗಿದ್ದೆ. ಎರಡನೆಯ ನುಡಿಯ ನಡುವೆ ನಾನು ಹೆದರಿದ್ದು ಆಗಿಯೇ ಹೋಯಿತು. ಸ್ವರ ಕೆಳಗೆ ಜಾರತೊಡಗಿತು, ಅವರಿಗೆ ತಿಳಿಯಲಿಲ್ಲ, ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ಆಗ ರುದ್ರಮುನಿ ಮಾಸ್ತರರು ಒಂದು ಗಳಿಗೆ ಗಾಳಿ ನಿಲ್ಲಿಸಿ, ಚಂಪಕ್ಕನ ಸ್ವರ ಎಲ್ಲಿ ಹೋಗಿ ನಿಂತಿತೆಂದು ಕಿವಿಗೊಟ್ಟು, ಇಡೀ ಅಂಗೈಯನ್ನು ಪೆಟ್ಟಿಗೆಯ ಒಂದು ಸ್ವರಮನೆ ಕೆಳಗೆ ಸರಿಸಿ ಅಲ್ಲಿಂದ ನುಡಿಸತೊಡಗಿದರು. ತಬಲದವನು ಅವರ ಮುಖ ನೋಡಿ, ಹಳೆಯ ಶ್ರುತಿಗೆ ಕಟ್ಟಿದ್ದ ಬಲದ ತಬಲದಿಂದ ಕೈ ಎತ್ತಿ, ಎಡದಿಂದಲೇ ಠೇಕಾ ನಡೆಸಿದ. ಬಹಳ ದಿನಗಳ ಮೇಲೆ ನಾನು ಆ ಮಾತು ಎತ್ತಿದಾಗ ಮಾಸ್ತರರು ಹೇಳಿದ್ದು ಇಷ್ಟೆ: "ಅಮ್ಮ ಎಲ್ಲಿ ನಿಂತ್ರೋ ಅಲ್ಲೇ ಷಡ್ಜ ಅಂದ್ಕೊಂಡೆ."

ಹಾಡು ಮುಗಿಯಿತು. ಚಂಪಕ್ಕ ಕೈಮುಗಿದು ಒಳಗೆ ಹೋಗಲು ತಿರುಗಿದರು.

"ಒನ್ಸ್ ಮೋರ್."

ಒಂದೇ ದನಿ. ಮೊದಲ ಸಾಲಿನಿಂದ ಬಂತು. ಮಂಡಿಯಲ್ಲಿ ಹರಾಜು ಕೂಗಿ ಒಡೆದ ಗಂಟಲು. ಅದರಲ್ಲಿ ಮರುಕವೇನೂ ನನಗೆ ಕೇಳಿಸಲಿಲ್ಲ, ಸರಕಿನ ಬೆಲೆ ಹೇಳುವಾಗಿನ ಗಡಸೇ ಇತ್ತು. ಒಬ್ಬರ ಕೂಗಿಗೆ ನೆಲ ಅಲುಗುವುದಿಲ್ಲ. ಬಯಲಿನಲ್ಲಿ ಆದಂತೆಯೇ ಚಂಪಕ್ಕ ಬೆನ್ನು ತೋರಿಸಿ ನಡೆಯುತ್ತಿದ್ದರು. ನಾನು ಎರಡೂ ಗುಂಡಿಗಳನ್ನು ಒತ್ತಿ ಹಿಡಿದೆ. ಹಲಗೆಯ ಮೇಲೆ ವಂಕಿಗಳು ಗಡಗಡ ನಡುಗಿ, ಒಂದನ್ನೊಂದು ತಾಗಿ, ಅಲ್ಲೇ ಹೊರಳಾಡಿದವು. ಚಂಪಕ್ಕನ ಹೆಜ್ಜೆ ನಿಂತಿತು. ಅಂಗಾಲಿಗೆ ಸುದ್ದಿ ಹೋಗಿತ್ತು.

ಆದರೆ ಅವರು ನಂಬಲಿಲ್ಲ. ಒಮ್ಮೆ ಸುಳ್ಳು ಹೇಳಿದ ವಂಕಿ ಅದು. ಮರೆಯ ಕಡೆ ತಿರುಗಿ ಗಂಡನನ್ನು ದುರುಗುಟ್ಟಿ ನೋಡಿದರು. ಹಾಲಪ್ಪನವರು ಎರಡೂ ಕೈಗಳನ್ನು ತಲೆಯ ಮೇಲೆತ್ತಿ, ನಾನಲ್ಲ ಎಂದು ತೋರಿಸಿ, ಜನರ ಕಡೆಗೆ ಗದ್ದ ಆಡಿಸಿದರು. ಚಂಪಕ್ಕ ನಿಧಾನವಾಗಿ ಆ ಕಡೆ ತಿರುಗಿದರು. ದೀಪದ ಬೆಳಕು ಕಣ್ಣಿಗೆ ಹೊಡೆಯುತ್ತಿದ್ದುದರಿಂದ ಅವರಿಗೆ ಬರೀ ಕತ್ತಲು ಕಂಡಿರಬೇಕು. ನನಗೆ ಮೊದಲ ಸಾಲು ಕಾಣುತ್ತಿತ್ತು. ಪುಟ್ಟಶೆಟ್ಟರು ಮೊಣಕಾಲು ನೋವಿನಲ್ಲೇ ಬಗ್ಗಿ ಎಕ್ಕಡ ಕಳಚಿದರು, ಜೋಡಿಸಿ ಬೆಂಚಿನ ಕೆಳಗೆ ಇಟ್ಟರು, ಆಮೇಲೆ ಬೆಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಬರಿಗಾಲಿನ ಹಿಮ್ಮಡಿಯನ್ನು ಹಲಗೆಯಿಂದ ಮೇಲೆತ್ತಿದರು.