ಅಂಟಿಸಿದ ಹಾಳೆ

ಗಂಜಿ ತಳ ಹಿಡಿಯಬಾರದೆಂದು ಚಿತ್ತಮ್ಮ ಸೌಟನ್ನು ಒಂದೇ ಸಮನೆ ತಿರುವುತ್ತಿದ್ದಳು. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ಎರಡು ದಿನ ನೆನೆಹಾಕಿ, ಒರಳಲ್ಲಿ ರುಬ್ಬಿ ಕುದಿಸಿದ ಗಂಜಿ ಅದು. ಕಂಬಳಿಯ ಹಾಸಿಗೆ, ಅಂದರೆ ಮಗ್ಗಕ್ಕೆ ಹೂಡುವ ಉದ್ದೆಳೆಯ ನೂಲಿಗೆ, ಇದನ್ನು ಬಳಿದು ಒಣಗಿಸಿದರೆ ಮಾತ್ರ ಎಳೆ ಗಟ್ಟಿಯಾಗಿ ಮಗ್ಗದ ಹೊಡೆತ ತಾಳುತ್ತದೆ. ಹೊರಗೆ ಓಣಿಯಲ್ಲಿ ಎರಡು ಗೂಟಗಳ ನಡುವೆ ಕರಿ ಉಣ್ಣೆಯ ಹಾಸು ಬಿಗಿದು ನಿಂತಿತ್ತು. ಸೊಸೆ ರಂಗಕ್ಕ ಕುಂಚ ಹಿಡಿದು ಹೊಸ್ತಿಲಲ್ಲಿ ಕಾಯುತ್ತಿದ್ದಳು.

“ಅತ್ತೆ, ಸೌಟು ತಿರುವ್ತಾ ಕಾದಂಬ್ರಿ ಯೋಚ್ನೆ ಮಾಡ್ಬ್ಯಾಡ್ರಿ. ಹೋದ್ಸಲ ಗಂಜಿ ತಳ ಹತ್ತಿ, ಕಂಬಳಿ ತಗಂಡೋರೆಲ್ಲ ಹೊಗೆ ವಾಸ್ನೆ ಅಂದ್ರು.”

“ಹೊಗೆ ವಾಸ್ನೆಗೆ ಸೊಳ್ಳೆ ಹತ್ರ ಬರಲ್ಲ ಅನ್ಬೇಕಿತ್ತು.”

“ಅದನ್ನೂ ಬರೀರಿ ನಿಮ್ ಬುಕ್ಕಲ್ಲಿ.”

ಚಿತ್ತಮ್ಮ ನಿಜವಾಗಿಯೂ ಬರೆಯುತ್ತಿದ್ದಳು. ಜವನಗೊಂಡನಹಳ್ಳಿಯ ರಾತ್ರಿ ಶಾಲೆಗೆ ಐವತ್ತೇಳನೇ ವಯಸ್ಸಿನಲ್ಲಿ ಲಾಟೀನು ಹಿಡಿದು ಹೋದವಳು. ಮೊದಲ ವರ್ಷ ಬಸ್ಸಿನ ಬೋರ್ಡು ಓದಿದಳು, ಎರಡನೇ ವರ್ಷ ಹಿರಿಯೂರಿನ ಲೈಬ್ರರಿಯಿಂದ ಬಂದ ಕಾದಂಬರಿಗಳನ್ನು ಬೆರಳಿಟ್ಟು ಓದಿದಳು. ಮೂರನೇ ವರ್ಷ ಒಂದು ದಿನ ಪಾಠ ಮುಗಿದ ಮೇಲೆ ಏಕಾಂತಮ್ಮ ಟೀಚರ ಹತ್ತಿರ ನಿಂತು, “ಟೀಚರಮ್ಮ, ಇಂಥದ್ದು ನಾನೂ ಒಂದು ಬರೀಬೋದಾ?” ಎಂದು ಕೇಳಿದಳು. ಟೀಚರು ನಗಲಿಲ್ಲ. ಮುಂದಿನ ವಾರ ಇನ್ನೂರು ಪುಟದ ಎರಡು ನೋಟು ಪುಸ್ತಕ ತಂದುಕೊಟ್ಟರು. ಒಂದು ಪೂರ್ತಿ ಖಾಲಿ. ಅದು ಕಾದಂಬರಿಗೆ. ಇನ್ನೊಂದರಲ್ಲಿ ಪ್ರತಿ ಹಾಳೆಯ ತಲೆಯ ಮೇಲೂ ಟೀಚರು ತಮ್ಮ ದುಂಡು ಅಕ್ಷರದಲ್ಲಿ ಒಂದೋ ಎರಡೋ ಪ್ರಶ್ನೆ ಬರೆದಿದ್ದರು. ಚಿತ್ತಮ್ಮ ಅದಕ್ಕೆ ಕೇಳೋ ಪುಸ್ತಕ ಎಂದು ಹೆಸರಿಟ್ಟಳು.

ನೀವು ಹುಟ್ಟಿದ ಮನೆಯಲ್ಲಿ ಬೆಳಿಗ್ಗೆ ಮೊದಲು ಕೇಳುತ್ತಿದ್ದ ಸದ್ದು ಯಾವುದು? ಹಿಂಡಿನಲ್ಲಿ ನೀವು ಹೆಸರಿಟ್ಟು ಕರೆಯುತ್ತಿದ್ದ ಕುರಿಗಳು ಯಾವುವು? ನಿಮ್ಮ ತಾಯಿ ನಗುವಾಗ ಬಾಯಿಗೆ ಕೈ ಅಡ್ಡ ಇಡುತ್ತಿದ್ದರೇ?

ದಿನಕ್ಕೊಂದು ಹಾಳೆ. ಬಿಟ್ಟು ಮುಂದೆ ಹೋಗುವಂತಿಲ್ಲ, ಹರಿಯುವಂತಿಲ್ಲ. ಕಣ್ಣು, ಕಿವಿ, ಮೂಗು, ಕೈಗೆ ಗೊತ್ತಿದ್ದದ್ದನ್ನಷ್ಟೇ ಬರೆಯಬೇಕು. “ಮನಸ್ಸಿಗೆ ಅನ್ಸಿದ್ದು ಇಲ್ಲಿ ಬ್ಯಾಡ, ಅದಕ್ಕೆ ಕಾದಂಬರಿ ಐತೆ” ಎಂದಿದ್ದರು ಟೀಚರು. ಇಲ್ಲಿ ಬರೆದ ಸದ್ದು, ವಾಸನೆ, ಕುರಿಗಳ ಹೆಸರು ಎಲ್ಲ ನಿಧಾನವಾಗಿ ಆ ಖಾಲಿ ಪುಸ್ತಕಕ್ಕೆ ದಾರಿ ಹುಡುಕಿಕೊಂಡು ಹೋದವು. ಇಬ್ಬರು ಅಕ್ಕತಂಗಿಯರ ಕಥೆ ಒಂಬತ್ತು ಅಧ್ಯಾಯ ಬೆಳೆದು, ಹತ್ತನೆಯದಕ್ಕೆ ಬಂದು ನಿಂತುಬಿಟ್ಟಿತು. ನಿಂತು ನಾಲ್ಕು ತಿಂಗಳಾಗಿತ್ತು.

ಆ ಭಾನುವಾರ ಹತ್ತು ಗಂಟೆಯ ಬಸ್ಸಿಗೆ ಟೀಚರೇ ಮನೆಗೆ ಬಂದರು. ರಂಗಕ್ಕ ಓಣಿಯಿಂದಲೇ, “ಬರ್ರಿ ಟೀಚರಮ್ಮ, ಕುಂತ್ಕಳ್ರಿ. ನಿಮ್ ವಿದ್ಯಾರ್ಥಿ ಗಂಜಿ ಕಾಯಿಸ್ತೈತೆ” ಎಂದು ಕೂಗಿದಳು. ಟೀಚರು ಒಲೆಯ ಪಕ್ಕ ಮಣೆ ಎಳೆದುಕೊಂಡು ಕೂತು ಎರಡೂ ಪುಸ್ತಕ ಕೇಳಿ ಪಡೆದರು.

“ಮುಂದಿನ ತಿಂಗಳು ನಂಗೆ ಹೊಸದುರ್ಗಕ್ಕೆ ವರ್ಗ ಆಗೈತೆ, ಚಿತ್ತಮ್ಮಜ್ಜಿ. ಅಷ್ಟರೊಳಗೆ ನಿಮ್ಮ ಹತ್ತನೇ ಅಧ್ಯಾಯ ಓದ್ಬೇಕು ಅಂತ ಆಸೆ.”

ಚಿತ್ತಮ್ಮನ ಸೌಟು ಒಂದು ಸುತ್ತು ತಪ್ಪಿತು. “ಅದು ಬರ್ತಿಲ್ಲ ಟೀಚರಮ್ಮ. ತಂಗಿ ಕೆಂಚಿ ಉಣ್ಣೆ ಕದೀಬೇಕು. ಮೂರು ಸಲ ಬರ್ದೆ. ಬುಟ್ಟಿ ಹತ್ರ ಬರ್ತಾಳೆ, ನಿಂತ್ಕಂತಾಳೆ. ಕೈ ಹಾಕಲ್ಲ.”

“ಯಾಕೆ?”

“ಮೊಂಡಿ. ಹುಟ್ಟಿದಾಗ್ಲಿಂದ ಮೊಂಡಿ.”

“ಯಾರು, ಕೆಂಚೀನಾ?”

ಚಿತ್ತಮ್ಮ ಒಲೆಗೆ ಇನ್ನೊಂದು ಸೌದೆ ತುರುಕಿದಳು. ಟೀಚರು ಕೇಳೋ ಪುಸ್ತಕದ ಹಾಳೆ ಮಗುಚುತ್ತಾ ಹೋದವರು ಒಂದು ಕಡೆ ಬೆರಳು ತಡೆದರು. ಆ ಹಾಳೆ ಉಳಿದವುಗಳಿಗಿಂತ ದಪ್ಪವಾಗಿತ್ತು.

“ನಲವತ್ತಾದ ಮೇಲೆ ನಲವತ್ತೆರಡು ಬಂದೈತಲ್ಲ. ನಲವತ್ತೊಂದು ಎಲ್ಲಿ ಹೋಯ್ತು?”

“ಅಲ್ಲೇ ಐತೆ. ನಾನು ಬಿಟ್ಟಿಲ್ಲ, ಹರಿದೂ ಇಲ್ಲ.”

“ಮತ್ತೆ?”

“ಅಂಟ್ಸೀನಿ. ಗಂಜೀಲಿ.”

ಹೊಸ್ತಿಲಲ್ಲಿದ್ದ ರಂಗಕ್ಕ ಬಾಯಿಗೆ ಸೆರಗು ಒತ್ತಿಕೊಂಡು ಓಣಿಗೆ ಓಡಿದಳು. ಟೀಚರಿಗೂ ನಗು ಬಂತು, ಆದರೆ ಅವರು ಪುಸ್ತಕ ಮುಚ್ಚಿ ಚಿತ್ತಮ್ಮನ ತೊಡೆಯ ಮೇಲಿಟ್ಟರು.

“ಅದ್ರಲ್ಲೇನು ಕೇಳಿದ್ದೆ ಅಂತ ನಂಗೆ ನೆನಪಿಲ್ಲ. ನಿಮಗೈತೆ. ಕಾದಂಬರಿ ಒಂದಿನ ಪಕ್ಕಕ್ಕಿಡ್ರಿ. ಮೊದ್ಲು ಇದನ್ನ ಬರೀರಿ.” ಇಷ್ಟು ಹೇಳಿ, ರಂಗಕ್ಕ ಕೊಟ್ಟ ಮಜ್ಜಿಗೆ ಕುಡಿದು, ಅವರು ಹನ್ನೆರಡರ ಬಸ್ಸಿಗೆ ಹೊರಟುಹೋದರು.

ಚಿತ್ತಮ್ಮನಿಗೆ ನೆನಪಿತ್ತು. ಯಾರ ಮೇಲಿನ ಸಿಟ್ಟು ಇನ್ನೂ ಆರಿಲ್ಲ? ಆ ಜಗಳದ ಮುಂಚಿನ ದಿನಗಳಲ್ಲಿ ನಿಮ್ಮ ಕೈ ಯಾವ ಕೆಲಸ ಮಾಡುತ್ತಿತ್ತು?

ಸಿಟ್ಟು ತಂಗಿ ಜಯಕ್ಕನ ಮೇಲೆ. ಹೊಳಲ್ಕೆರೆಗೆ ಮದುವೆಯಾಗಿ ಹೋದವಳು. ಹತ್ತೊಂಬತ್ತು ವರ್ಷದಿಂದ ಇಬ್ಬರ ನಡುವೆ ಒಂದು ಮಾತಿಲ್ಲ. ಅವರ ತಾಯಿ ಕೊನೆಗಾಲದಲ್ಲಿ ಚಿತ್ತಮ್ಮನ ಮನೆಯಲ್ಲೇ ಇದ್ದಳು. ಅವ್ವನಿಗೆಂದೇ ಚಿತ್ತಮ್ಮ ಎರಡು ವರ್ಷ ಕರಿ ಮರಿಗಳ ಮೊದಲ ಕತ್ತರಿಯ ಉಣ್ಣೆಯನ್ನು ಬುಟ್ಟಿಯಲ್ಲಿ ಕೂಡಿಸಿಟ್ಟಿದ್ದಳು. ಅದರಷ್ಟು ಮೆತ್ತಗಿನ ಉಣ್ಣೆ ಇನ್ನೊಂದಿಲ್ಲ. ಒಂದು ಕಂಬಳಿ ನೇಯಿಸಿ ಅವ್ವನಿಗೆ ಹೊದಿಸಬೇಕೆಂದು ಊರಿಗೆಲ್ಲ ಹೇಳಿಕೊಂಡಿದ್ದಳು. ಅಷ್ಟರಲ್ಲಿ ಅವ್ವ ತೀರಿಕೊಂಡಳು. ತಿಥಿಯ ದಿನ ಬುಟ್ಟಿ ಇಳಿಸಿ ನೋಡಿದರೆ ಖಾಲಿ. ಅದೇ ಹೊತ್ತಿಗೆ, ಬಸುರಿ ಜಯಕ್ಕನ ಹೆಗಲ ಮೇಲೆ ಒಂದು ಹೊಸ ಕರಿ ಕಂಬಳಿ. ಮುಟ್ಟಿದರೆ ಮರಿಯ ಹೊಟ್ಟೆಯಷ್ಟು ಮೆತ್ತಗೆ.

“ಅವ್ವ ಕೊಟ್ಟಳು” ಎಂದಿದ್ದಳು ಜಯಕ್ಕ.

“ಸಾಯೋ ಮುದುಕಿ ಉಣ್ಣೆ ಕದ್ದು, ಸತ್ತೋಳ ಹೆಸ್ರು ಹೇಳ್ತೀಯ” ಎಂದಿದ್ದಳು ಚಿತ್ತಮ್ಮ, ಉಣ್ಣಲು ಕೂತ ನೆಂಟರ ಮುಂದೆ.

ಜಯಕ್ಕ ಕಂಬಳಿಯನ್ನು ಮಡಿಸಿ ಜಗಲಿಯ ಮೇಲಿಟ್ಟು ಬಸ್ಸಿಗೆ ನಡೆದಳು. ಮತ್ತೆ ಬರಲಿಲ್ಲ. ಚಿತ್ತಮ್ಮ ಆ ಮಡಿಕೆಯನ್ನು ಬಿಚ್ಚದೆ, ನಡುವೆ ಬೇವಿನೆಲೆ ಸಿಕ್ಕಿಸಿ ಪೆಟ್ಟಿಗೆಯ ತಳಕ್ಕೆ ತುರುಕಿದಳು. ಅಕ್ಷರ ಕಲಿತ ಮೇಲೆ ಒಂದು ಇನ್‌ಲ್ಯಾಂಡ್ ಕಾಗದ ತಂದು, ಹೊಳಲ್ಕೆರೆಯ ವಿಳಾಸ ಬರೆದು, ಒಳಗೆ ‘ಜಯಾ’ ಎಂದಷ್ಟೇ ಬರೆದು ನಿಂತಿದ್ದಳು. ಕದ್ದವಳು ಮೊದಲು ಬರೆಯಲಿ ಎನ್ನಿಸಿತ್ತು. ಆ ಕಾಗದವೂ ಎರಡು ವರ್ಷದಿಂದ ಪೆಟ್ಟಿಗೆಯಲ್ಲೇ ಇತ್ತು.

ಮರುದಿನ ಬೆಳಿಗ್ಗೆ, ಉಳಿದ ನೂಲಿಗೆಂದು ಮತ್ತೆ ಗಂಜಿ ಒಲೆಗೇರಿದಾಗ, ಚಿತ್ತಮ್ಮ ಕೇಳೋ ಪುಸ್ತಕವನ್ನು ಬಿಡಿಸಿ ಪಾತ್ರೆಯ ಮೇಲೆ ಹಿಡಿದಳು. ಆವಿ ತಾಗಿದ ಗಂಜಿ ಮೆತ್ತಗಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಅಂಚಿನಿಂದ ಉಗುರು ತೂರಿಸಿ, ಆಗ ತಾನೇ ಹುಟ್ಟಿದ ಮರಿಯ ಹೊಕ್ಕಳ ಬಳ್ಳಿ ಬಿಡಿಸುವಷ್ಟು ನಾಜೂಕಾಗಿ ಹಾಳೆ ಬೇರ್ಪಡಿಸಿದಳು. ಟೀಚರ ದುಂಡು ಅಕ್ಷರ ಸ್ವಲ್ಪ ಕದಡಿತ್ತು, ಓದಲು ಬರುತ್ತಿತ್ತು.

ಹಾಳೆ ಬಿಸಿಲಿಗೆ ಒಣಗಿದ ಮೇಲೆ ಜಗಲಿಯಲ್ಲಿ ಕೂತು ಬರೆಯತೊಡಗಿದಳು. ಮೊದಲನೇ ಪ್ರಶ್ನೆಗೆ ಹೆಸರು ಬರೆದಳು. ಎರಡನೆಯದಕ್ಕೆ ಅಂಥ ಕಷ್ಟವೇನಿರಲಿಲ್ಲ. ಕೈ ಯಾವತ್ತೂ ಮಾಡುತ್ತಿದ್ದ ಕೆಲಸವೇ.

‘ಅವ್ವ ಸಾಯುವುದಕ್ಕೆ ಒಂದು ತಿಂಗಳ ಮೊದಲು ನನ್ನ ಕೈ ಹಾಸಿನ ನೂಲಿಗೆ ಗಂಜಿ ಬಳಿಯುತ್ತಿತ್ತು. ಅವ್ವ ನೂತು, ಹಾಸು ಹೂಡಿ ಕೊಟ್ಟಳು. ಸಂತೆಗೆ ಮಾರೋ ಕಂಬಳಿ, ಬೇಗ ಬಳಿ ಅಂದಳು. ನಮ್ಮಲ್ಲಿ ಮಗ್ಗ ಇರಲಿಲ್ಲ. ಬಳಿದ ಹಾಸನ್ನು ಆದಿವಾಲದ ನೇಕಾರರಿಗೆ ಅವ್ವನೇ ಕೊಟ್ಟು ಕಳಿಸಿದಳು. ಅವತ್ತು ಗಂಜಿ ಅರ್ಧ ಪಾತ್ರೆ ಉಳಿಯಿತು. ಜಾಸ್ತಿ ಕಾಯಿಸಿದೆ ಅಂತ ನನ್ನನ್ನೇ ಬೈಕೊಂಡು ಎಮ್ಮೆಗೆ ಹೊಯ್ದೆ. ಅಂಚಿನ ಒಂದು ಎಳೆ ಕಿತ್ತಿತು. ಕೈಗೆ ಕರಿ ನೂಲು ಸಿಗದೆ ಬಿಳಿ ಎಳೆ ಕಟ್ಟಿದೆ. ಅವ್ವ ನಕ್ಕಳು. ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಳು.’

ಚಿತ್ತಮ್ಮ ಬರೆದದ್ದನ್ನು ಬೆರಳಿಟ್ಟು ಮತ್ತೆ ಓದಿದಳು. ‘ಅರ್ಧ ಪಾತ್ರೆ ಉಳಿಯಿತು’ ಎಂಬಲ್ಲಿ ಬೆರಳು ನಿಂತಿತು.

ಅವಳ ಕೈಗೆ ಅಳತೆ ತಪ್ಪುವ ಮಾತೇ ಇರಲಿಲ್ಲ. ಒಂದು ಹಾಸಿಗಿಷ್ಟು ಬೀಜ ಎಂದು ಹತ್ತನೇ ವಯಸ್ಸಿನಿಂದ ಗೊತ್ತು. ಗಂಜಿ ಉಳಿಯಬೇಕಾದರೆ ನೂಲು ತೆಳ್ಳಗಿರಬೇಕು. ದೊಡ್ಡ ಕುರಿಯ ಒರಟು ಉಣ್ಣೆಯನ್ನು ಅಷ್ಟು ತೆಳ್ಳಗೆ ನೂಲಲು ಬರುವುದಿಲ್ಲ. ಮರಿಯ ಮೊದಲ ಕತ್ತರಿಯ ಉಣ್ಣೆ ಮಾತ್ರ ಹಾಗೆ ಬರುತ್ತದೆ.

ಅವಳು ಎದ್ದು ಒಳಗೆ ಹೋಗಿ ಪೆಟ್ಟಿಗೆಯ ಸೀರೆಗಳನ್ನೆಲ್ಲ ನೆಲಕ್ಕೆ ಸುರಿದಳು. ಸದ್ದು ಕೇಳಿ ರಂಗಕ್ಕ ಬಂದಾಗ ಅತ್ತೆ ಬೇವಿನೆಲೆ ಉದುರುತ್ತಿದ್ದ ಒಂದು ಕರಿ ಕಂಬಳಿಯನ್ನು ಬಾಗಿಲ ಬೆಳಕಿಗೆ ಹರಡಿಕೊಂಡು ಅಂಚು ಹುಡುಕುತ್ತಿದ್ದಳು. ಮೂರು ಅಂಚು ಕಪ್ಪು. ನಾಲ್ಕನೆಯದರಲ್ಲಿ, ಗೇಣುದ್ದ, ಒಂದು ಬಿಳಿ ಎಳೆ.

“ಏನಾತು ಅತ್ತೆ?”

ಚಿತ್ತಮ್ಮ ಬಹಳ ಹೊತ್ತು ಆ ಎಳೆಯನ್ನು ಹೆಬ್ಬೆರಳಿನಿಂದ ಸವರಿದಳು. ಆ ಗಂಟು ಅವಳದೇ. ಎಡಕ್ಕೆ ಎರಡು ಸುತ್ತು.

“ಇದು ನಮ್ ಅಂಗಳದಾಗೇ ಗಂಜಿ ಕುಡಿದಿದ್ದು ಕಣೆ. ಅವ್ವ ನೂತಳು, ನಾನು ಬಳಿದೆ. ಆಗ ಜಯ ಹೊಳಲ್ಕೇರ್ಯಾಗಿದ್ಲು. ಅವ್ವ ಸತ್ತ ಸುದ್ದಿ ಕೇಳೇ ಬಂದಿದ್ದು.” ಅವಳ ದನಿ ಕೆಳಗಿಳಿಯಿತು. “ಕಂಬಳಿ ಆದಿವಾಲದಿಂದ ಸೀದಾ ಹೊಳಲ್ಕೆರೆಗೆ ಹೋಗೈತೆ. ಬಸುರಿ ಮಗಳಿಗೆ ಅಂತ ಅವ್ವ ಕಳಿಸ್ಯಾಳೆ. ನಂಗೆ ಹೇಳಿದ್ರೆ ನಾನು ಬಿಡ್ತಿರ್ಲಿಲ್ಲ, ಅದ್ಕೇ ಹೇಳ್ಲಿಲ್ಲ.”

ರಂಗಕ್ಕ ಮೆಲ್ಲಗೆ ಕೂತು ಕಂಬಳಿಯ ಇನ್ನೊಂದು ತುದಿ ಹಿಡಿದಳು. “ಹತ್ತೊಂಬತ್ತು ವರ್ಷ ಪೆಟ್ಟಿಗೇಲೇ ಇತ್ತಲ್ಲ. ಒಂದ್ಸಲ ಬಿಚ್ಚಿ ನೋಡಿದ್ರೆ—”

“ಬಿಚ್ಚಿದ್ರೆ ಗೊತ್ತಾಗ್ತಿತ್ತು. ಅದ್ಕೇ ಬಿಚ್ಚಿಲ್ವೇನೋ.”

ಮಧ್ಯಾಹ್ನ ಅವಳು ತಾನಾಗಿ ಉಣ್ಣಲು ಬರಲಿಲ್ಲ. ರಂಗಕ್ಕ ಮುದ್ದೆ ತಟ್ಟೆ ಮುಂದಿಟ್ಟರೆ ಮುದ್ದೆಯನ್ನೇ ನೋಡುತ್ತಾ ಕೂತಳು. ತಂಗಿಗೆ ಆಗ ಹುಟ್ಟಿದ ಮಗು ಹೆಣ್ಣೋ ಗಂಡೋ ಅವಳಿಗೆ ಗೊತ್ತಿರಲಿಲ್ಲ. ಅದಕ್ಕೀಗ ಹತ್ತೊಂಬತ್ತರ ಹತ್ತಿರ. ತುಸು ಹೊತ್ತಾದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಒಂದು ತುತ್ತು ಮುರಿದಳು.

“ನಿಮ್ ಕಾದಂಬ್ರಿ ಗತಿ?” ಎಂದಳು ರಂಗಕ್ಕ, ಮಾತು ತಿರುಗಿಸಲೆಂದು. “ಕೆಂಚಿ ಕದೀಲಿಲ್ಲ ಅಂದ್ರೆ ಒಂಬತ್ತು ಅಧ್ಯಾಯ ನೀರಿಗೆ ಹೋದಂಗೆ ಅಲ್ವ?”

“ಯಾಕೋಯ್ತವೆ? ಅವಳು ಮೂರು ಸಲ ಕೈ ಹಾಕ್ಲಿಲ್ಲ ನೋಡು. ಅವಳ್ದೇ ಸರಿ.” ಚಿತ್ತಮ್ಮ ತುತ್ತು ನುಂಗಿದಳು. “ಕಥೇಲಿ ತಪ್ಪು ಮಾಡೋಳು ಒಬ್ಳು ಬೇಕಿತ್ತು. ಅಕ್ಕ ಇದಾಳಲ್ಲ, ಸಾಕು.”

ಊಟವಾದ ಮೇಲೆ ಆ ಹಳೇ ಇನ್‌ಲ್ಯಾಂಡ್ ಕಾಗದ ತೆಗೆದಳು. ‘ಜಯಾ’ ಎಂಬ ಅಕ್ಷರಗಳು ಎರಡು ವರ್ಷದ ಹಿಂದಿನವು, ಸೊಟ್ಟಗಿದ್ದವು. ಅದರ ಕೆಳಗೆ ಈಗಿನ ನೆಟ್ಟನೆ ಅಕ್ಷರದಲ್ಲಿ ಬರೆದಳು.

‘ಕಂಬಳಿ ಬಿಚ್ಚಿ ನೋಡಿದೆ. ಅಂಚಿನ ಬಿಳಿ ಎಳೆ ಕಟ್ಟಿದವಳು ನಾನೇ. ಅವ್ವ ಕೊಟ್ಟಳು ಅಂದೆ ನೀನು. ಕೊಟ್ಟಿದ್ದಳು. ನೆಂಟರ ಮುಂದೆ ನಾನು ಆಡಿದ್ದು ತಪ್ಪು. ಅದನ್ನು ನೆಂಟರ ಮುಂದೆಯೇ ಹೇಳುತ್ತೇನೆ, ನೀನು ಹೇಳಿದ ದಿನ, ಹೇಳಿದ ಊರಲ್ಲಿ. ಕಂಬಳಿ ನಿನ್ನದು. ಬೇವಿನೆಲೆ ಹಾಕಿ ಇಟ್ಟಿದ್ದೆ, ನುಸಿ ತಿಂದಿಲ್ಲ.

ನಾನು ಓದುವುದು ಕಲಿತೆ. ಒಂದು ಕಾದಂಬರಿ ಬರೆಯುತ್ತಾ ಇದ್ದೇನೆ, ನಗಬೇಡ. ಅದರ ಹತ್ತನೇ ಅಧ್ಯಾಯ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ಅದಕ್ಕೆ ನಿನಗೆ ಎರಡು ಪ್ರಶ್ನೆ. ಆ ಕಂಬಳಿ ನಿನ್ನ ಕೈಗೆ ಬಂದಾಗ ಅವ್ವ ಏನು ಹೇಳಿ ಕಳಿಸಿದ್ದಳು? ಆಗ ನಿನ್ನ ಕೈ ಯಾವ ಕೆಲಸ ಮಾಡುತ್ತಿತ್ತು?’

ಜಾಗ ಮುಗಿಯಿತು. ಅಂಚಿನಲ್ಲಿ ಅಡ್ಡಡ್ಡ, ‘ಮಗು ಹೆಣ್ಣೋ ಗಂಡೋ’ ಎಂದು ಸೇರಿಸಿದಳು. ಕಾಗದದ ಅಂಟು ಹಳತಾಗಿ ಹಿಡಿಯಲಿಲ್ಲ. ಪಾತ್ರೆಯ ತಳದ ಗಂಜಿಯನ್ನು ಬೆರಳಲ್ಲಿ ತೆಗೆದು ಮೂರೂ ಅಂಚಿಗೆ ಬಳಿದು, ಒರಳುಗುಂಡು ಹೇರಿ ಒಣಗಿಸಿದಳು.

ಅವಳು ಹೋಗುವಷ್ಟರಲ್ಲಿ, ಸಂಜೆಯ ಬಸ್ಸಿಗೆ ಟಪಾಲು ಚೀಲ ಕಳಿಸುವ ಅಂಚೆಯ ತಿಪ್ಪೇರುದ್ರಪ್ಪ ಆಗಲೇ ಚೀಲದ ಬಾಯಿ ಕಟ್ಟಿ ಬಸ್‌ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತಿದ್ದ.

“ನಾಳೆ ತರಬೇಕಿತ್ತು ಚಿತ್ತಮ್ಮ. ಈಗ ತಾನೇ ಕಟ್ಟಿದೆ.”

“ನಾಳೆ ಅಂದ್ರೆ ನಾನು ಮತ್ತೆ ಪೆಟ್ಟಿಗೇಲಿ ಇಡ್ತೀನಿ ಕಣಪ್ಪ. ಬಿಚ್ಚು.”

ಅವನು ಅವಳ ಮುಖ ನೋಡಿದ. ಗೊಣಗುತ್ತಲೇ ಗಂಟು ಬಿಚ್ಚತೊಡಗಿದ. ಕಾಗದ ತೆಗೆದುಕೊಂಡು ವಿಳಾಸ ಓದಿ, ಹಿಂದೆ ಮುಂದೆ ತಿರುಗಿಸಿ, ಅಂಚನ್ನು ಉಗುರಿಂದ ಕೆರೆದ.

“ಇದೇನಿದು, ಹಲಗೆ ಆದಂಗಾಗೈತೆ.”

“ಗಂಜಿ. ದಾರೀಲಿ ಯಾರೂ ಬಿಚ್ಚಕ್ಕಾಗಲ್ಲ.”

“ದಾರೀಲಿರ್ಲಿ, ಹೊಳಲ್ಕೇರ್ಯಾಗೆ ಅವ್ರಾದ್ರೂ ಹೆಂಗ್ ಬಿಚ್ತಾರೆ?”

“ಆವಿ ಹಿಡೀತಾಳೆ ಬಿಡು” ಎಂದಳು ಚಿತ್ತಮ್ಮ. “ಅವಳೂ ನಮ್ಮವ್ವನ ಮಗಳೇ.”

ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ತಿಪ್ಪೇರುದ್ರಪ್ಪ ಕಾಗದವನ್ನು ಚೀಲದೊಳಕ್ಕೆ ಹಾಕಿ, ದಾರವನ್ನು ಎರಡು ಸುತ್ತು ಸುತ್ತಿ ಬಿಗಿದು, ಕಂಡಕ್ಟರನ ಕೈಗೆ ಎತ್ತಿಕೊಟ್ಟ.