ಮುಖದ ಬೆಣ್ಣೆಗೆ ಹಾಲು ಕೊಟ್ಟವಳು

ನಾನು ಒಂದು ಹೆಣ್ಣುಕತ್ತೆ. ಗಂಗಾವತಿ ಕಡೆ ತುಂಗಭದ್ರೆಯ ದಂಡೆಗಿದ್ದ ಒಂದು ಇಟ್ಟಿಗೆ ಭಟ್ಟಿಯಲ್ಲಿ, ಆರಿದ ಬೂದಿಯ ಗುಡ್ಡೆಯ ಮೇಲೆ ಹುಟ್ಟಿದೆ. ನನ್ನವ್ವ ಬೆಳಿಗ್ಗೆ ಇಟ್ಟಿಗೆ ಹೊತ್ತಿದ್ದಳು, ಮಧ್ಯಾಹ್ನ ನನ್ನನ್ನು ಈದಳು, ಮೂರನೆಯ ದಿನ ಮತ್ತೆ ಇಟ್ಟಿಗೆ ಹೊತ್ತಳು. ಹುಟ್ಟಿದಾಗ ನನ್ನ ಮೈಗೆಲ್ಲ ಬೂದಿ ಮೆತ್ತಿತ್ತಂತೆ. ಒರೆಸಿ ನೋಡಿದರೆ ಕೆಳಗೂ ಅದೇ ಬಣ್ಣ. ಹೀಗಾಗಿ ಬೂದಿ ಎಂಬ ಹೆಸರೇ ನಿಂತಿತು.

ಭಟ್ಟಿಯ ಯಜಮಾನ ದುರ್ಗಪ್ಪ ಕೆಟ್ಟವನಲ್ಲ. ಹೊಡೆಯುವ ಮೊದಲು ಒಮ್ಮೆ ಬೈಯುತ್ತಿದ್ದ; ಬೈದಾಗಲೇ ನಡೆದರೆ ಏಟು ತಪ್ಪುತ್ತಿತ್ತು. ಐದು ವರ್ಷ ಅವನ ಇಟ್ಟಿಗೆ ಹೊತ್ತೆ. ನಾನು ಮೊದಲ ಮರಿ ಹಾಕಿದ ವರ್ಷ ಭಟ್ಟಿಗೆ ಟ್ರ್ಯಾಕ್ಟರ್ ಬಂತು. ಅದು ಒಂದು ಸಲಕ್ಕೆ ಎಳೆಯುವಷ್ಟನ್ನು ನಾವು ಹನ್ನೆರಡು ಕತ್ತೆಗಳು ಇಡೀ ದಿನ ಹೊರುತ್ತಿದ್ದೆವು. ದುರ್ಗಪ್ಪ ನಮ್ಮನ್ನು ಒಂದೊಂದಾಗಿ ಮಾರತೊಡಗಿದ.

ಆಗ ಬಂದವಳು ಹುಲಿಗೆವ್ವ. ನಲವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡು ಎಂಟು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳ ಅಜ್ಜಿ ಊರೂರು ತಿರುಗಿ ಕತ್ತೆ ಹಾಲು ಮಾರುತ್ತಿದ್ದಳಂತೆ. ಆ ಕಸುಬನ್ನು ಮತ್ತೆ ಹಿಡಿಯಬೇಕೆಂದು ಹಾಲು ಕೊಡುವ ಕತ್ತೆಯನ್ನು ಹುಡುಕುತ್ತಿದ್ದಳು. ಅವಳು ಬಂದವಳೇ ನನ್ನನ್ನು ಬಿಟ್ಟು ನನ್ನ ಮರಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಅದರ ಬೆನ್ನು, ಪಕ್ಕೆ ಸವರಿ ನೋಡಿದಳು.

"ಕೊಳ್ಳೂದು ತಾಯೀನ. ಮರೀನ ಯಾಕ ನೋಡ್ತಿಬೇ?" ಎಂದ ದುರ್ಗಪ್ಪ.

"ಮರಿ ಮೈ ತುಂಬಿದ್ರ ತಾಯಿ ಕೆಚ್ಚಲಾಗ ಹಾಲ ಅದಾವ ಅಂತ ಅರ್ಥ. ನೀ ಬಾಯಿಲೆ ಹೇಳಿದ್ದು ನಾ ಯಾಕ ಕೇಳ್ಲಿ?" ಎಂದಳು ಹುಲಿಗೆವ್ವ.

ಹೀಗೆ ನಾನು ಮರಿಯ ಜೊತೆ ಇಟ್ಟಿಗೆ ಬಿಟ್ಟು ಹಾಲಿಗೆ ಬಂದೆ.

ಅವಳ ಹಿಂದೆ ಕೊಪ್ಪಳ, ಕುಷ್ಟಗಿ, ಸಿಂಧನೂರು ಎಂದು ಓಣಿ ಓಣಿ ನಡೆದೆ. "ಕತ್ತಿ ಹಾಲೋ, ಕೂಸಿಗೆ ಕತ್ತಿ ಹಾಲೋ" ಎಂದು ಅವಳು ಕೂಗಿದರೆ ಬಾಣಂತಿಯರು ಕೂಸನ್ನು ಎತ್ತಿಕೊಂಡು ಹೊಸ್ತಿಲಿಗೆ ಬರುತ್ತಿದ್ದರು. ಅಲ್ಲಿಯೇ ಹಿಂಡಿ, ಒಂದು ಒಳಲೆ ಬೆಚ್ಚನೆಯ ಹಾಲನ್ನು ಕೂಸಿನ ಬಾಯಿಗೆ ಬಿಡುತ್ತಿದ್ದಳು. ಅದರಿಂದ ಕೆಮ್ಮು ಹೋಗುತ್ತದೆಂದು ಜನ ನಂಬಿದ್ದರು. ಹೋಗುತ್ತಿತ್ತೋ ಇಲ್ಲವೋ ನನಗೆ ತಿಳಿಯದು. ನನ್ನ ಹಾಲು ಕುಡಿದ ಕೂಸುಗಳು ಅಳು ನಿಲ್ಲಿಸಿ ನನ್ನ ಕಿವಿಯನ್ನೇ ನೋಡುತ್ತಿದ್ದವು, ಅಷ್ಟು ಮಾತ್ರ ಬಲ್ಲೆ.

ಕತ್ತೆಗೆ ಇರುವುದು ಎರಡೇ ಮೊಲೆ. ಒಂದು ಮರಿಗೆ, ಒಂದು ಊರಿಗೆ ಎಂಬುದು ಹುಲಿಗೆವ್ವನ ಅಜ್ಜಿ ಹಾಕಿಕೊಟ್ಟ ಕಟ್ಟು. ಮರಿ ಬಂದು ಮೂತಿಯಿಂದ ಗುಮ್ಮಿದರಷ್ಟೇ ನಾವು ಸೊರೆ ಬಿಡುತ್ತೇವೆ, ಹಾಲು ಇಳಿಯುತ್ತದೆ. ಮರಿಯನ್ನು ಆಚೆ ಕಟ್ಟಿದರೆ ಕೆಚ್ಚಲು ಕಲ್ಲಾಗುತ್ತದೆ. ಇದನ್ನು ಅವಳು ಯಾವ ಪುಸ್ತಕದಲ್ಲೂ ಓದಿರಲಿಲ್ಲ, ಅವಳ ಕೈಗೆ ಗೊತ್ತಿತ್ತು.

ಒಂದು ದಿನ ಕೊಪ್ಪಳದ ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕಾರು ನಿಂತಿತು. ಇಳಿದವರು ಬೆಂಗಳೂರಿನ ಮೃಣಾಲಿನಿ ಮೇಡಂ. ಮುಖಕ್ಕೆ ಹಚ್ಚುವ ದುಬಾರಿ ಕ್ರೀಮು ಮಾಡುವ ಕಂಪನಿಯ ಒಡತಿ. ಅವರ ಕ್ರೀಮಿನಲ್ಲಿ ಕಾಶ್ಮೀರದ ಕೇಸರಿ, ಮುತ್ತಿನ ಪುಡಿ, ಚಿನ್ನದ ರೇಕು ಇದ್ದವು. ಈಗ ಅದಕ್ಕೆ ಕತ್ತೆ ಹಾಲು ಬೇಕಾಗಿತ್ತು.

"ಹಿಂದೆ ಒಬ್ಬ ರಾಣಿ ದಿನಾ ಕತ್ತೆ ಹಾಲಲ್ಲೇ ಸ್ನಾನ ಮಾಡ್ತಿದ್ಳಂತೆ, ಗೊತ್ತೇನಮ್ಮ?" ಎಂದರು ಅವರು.

ಹುಲಿಗೆವ್ವ ನನ್ನ ಮರಿಯ ಬೆನ್ನು ಸವರಿದಳು. "ಆ ರಾಣಿ ಮೈ ತೊಳಕೊಂಡ ದಿನ ಎಷ್ಟ ಮರಿ ಉಪಾಸ ಬಿದ್ವೊ ಯಾರ ಬಲ್ಲರ್ರಿ" ಎಂದಳು.

ಮೇಡಂ ನಕ್ಕುಬಿಟ್ಟರು. ಅವರಿಗೆ ಅವಳು ಹಿಡಿಸಿದಳು. ಕೊಪ್ಪಳದಾಚೆ ಗುಡ್ಡದ ಬುಡದಲ್ಲಿ ಮೂವತ್ತು ಕತ್ತೆಗಳ ಫಾರ್ಮ್ ಮಾಡುತ್ತಿದ್ದರು. ನನ್ನನ್ನು ಅವರಿಗೆ ಕೊಡಬೇಕು, ಹುಲಿಗೆವ್ವ ಹಾಲು ಹಿಂಡುವ ಕೆಲಸಕ್ಕೆ ಬರಬೇಕು, ತಿಂಗಳ ಪಗಾರ, ಇರಲು ಒಂದು ಕೋಣೆ. ಹುಲಿಗೆವ್ವನ ಮೊಣಕಾಲು ಆಗಲೇ ನೋಯುತ್ತಿದ್ದವು. ಒಂದು ವಾರ ತಡೆದು ಒಪ್ಪಿದಳು. ಅಂದು ಸಂಜೆ ನನ್ನ ಹಗ್ಗವನ್ನು ಬೇರೆಯವರ ಕೈಗೆ ಕೊಡುವಾಗ ನನ್ನ ಮುಖ ನೋಡಲಿಲ್ಲ.

ಫಾರ್ಮಿನಲ್ಲಿ ತಗಡಿನ ಮಾಡು, ಸಿಮೆಂಟಿನ ಗೋದಲಿ, ಫ್ಯಾನು ಎಲ್ಲ ಇದ್ದವು. ದಿನಾ ಮೈ ತೊಳೆಯುತ್ತಿದ್ದರು. ನಮ್ಮ ಹಾಲು ಐಸಿನ ಪೆಟ್ಟಿಗೆಯಲ್ಲಿ ಬೆಂಗಳೂರಿಗೆ ಹೋಗಿ, ಬೊಗಸೆಯಲ್ಲಿ ಅಡಗುವಂಥ ಗಾಜಿನ ಡಬ್ಬಿಯಲ್ಲಿ ತಿರುಗಿ ಬರುತ್ತಿತ್ತು. ಮುಚ್ಚಳಕ್ಕೆ ಬಂಗಾರದ ಬಣ್ಣ. ಹೆಸರು ಇಂಗ್ಲಿಷಿನಲ್ಲಿತ್ತು, ಹುಲಿಗೆವ್ವನ ನಾಲಿಗೆಗೆ ಹೊರಳಲಿಲ್ಲ. ಅವಳು ಅದನ್ನು ಮುಖದ ಬೆಣ್ಣೆ ಎಂದಳು. ಮೊದಲ ಡಬ್ಬಿಯನ್ನು ನನ್ನ ಮೂಗಿಗೆ ಹಿಡಿದಾಗ ಸೀನಿದೆ. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎನ್ನುತ್ತಾರೆ. ಇರಬಹುದು. ಆದರೆ ಅದರಲ್ಲಿ ನನ್ನ ಹಾಲಿನ ವಾಸನೆ ಮಾತ್ರ ಇರಲಿಲ್ಲ.

ಜಾಹೀರಾತಿನ ಚಿತ್ರ ತೆಗೆಯಲು ಬಂದವರು ನನ್ನ ಬಣ್ಣ ನೋಡಿ ಮುಖ ಸಿಂಡರಿಸಿ, ಎಲ್ಲಿಂದಲೋ ಒಂದು ಬಿಳಿ ಕುದುರೆಮರಿ ತಂದು ಅದರ ಪಕ್ಕ ಒಬ್ಬ ಚೆಲುವೆಯನ್ನು ನಿಲ್ಲಿಸಿದರು. ಹುಲಿಗೆವ್ವ ಇಡೀ ದಿನ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು.

ಎರಡನೆಯ ವರ್ಷ ನಾನು ಚಿಕ್ಕಿಯನ್ನು ಈದೆ. ಹಣೆಯ ಮೇಲೆ ನಕ್ಷತ್ರದಂಥ ಬಿಳಿ ಬೊಟ್ಟು. ನಮ್ಮ ಕಡೆ ನಕ್ಷತ್ರಕ್ಕೆ ಚಿಕ್ಕಿ ಎನ್ನುತ್ತಾರೆ. ಸಣಕಲು ಮರಿ, ಎದ್ದು ನಿಲ್ಲಲು ಅರ್ಧ ದಿನ ತೆಗೆದುಕೊಂಡಿತು. ಅದೇ ಸಮಯಕ್ಕೆ ಹೊರದೇಶದಿಂದ ಕಂಪನಿಗೆ ದೊಡ್ಡ ಆರ್ಡರ್ ಬಂತು. ದಿನಕ್ಕೆ ಆರು ಲೀಟರು ಬರುತ್ತಿದ್ದುದು ಹತ್ತು ಆಗಬೇಕಿತ್ತು. ಫಾರ್ಮಿನ ಮ್ಯಾನೇಜರ್ ಶ್ರೇಯಸ್, ಓದಿದ ಹುಡುಗ, ಕೆಟ್ಟ ಮಾತು ಆಡುವವನಲ್ಲ. ಮರಿಗಳನ್ನೆಲ್ಲ ಗುಡ್ಡದ ಆಚೆಯ ಶೆಡ್ಡಿಗೆ ಸಾಗಿಸಿ ಪುಡಿ ಹಾಲು ಕುಡಿಸಬೇಕು, ಎರಡೂ ಮೊಲೆಗಳನ್ನು ಯಂತ್ರದಲ್ಲಿ ಹಿಂಡಬೇಕು ಎಂದು ಅಪ್ಪಣೆ ಮಾಡಿದ.

"ಸಾಹೇಬ್ರ, ಹಂಗ ಮಾಡಿದ್ರ ಇದ್ದ ಹಾಲೂ ಹೋಗ್ತಾವ್ರಿ" ಎಂದಳು ಹುಲಿಗೆವ್ವ.

"ಹುಲಿಗೆಮ್ಮ, ಹಸುಗಳಿಗೆ ಹೀಗೇ ಮಾಡೋದು. ನಾನು ನೋಡಿದ್ದೀನಿ."

"ಇವು ಆಕಳಲ್ರಿ."

ಅವನು ಕೇಳಲಿಲ್ಲ. ಚಿಕ್ಕಿಯನ್ನು ಹೊತ್ತು ಒಯ್ದರು. ನಾನು ಅರಚಿದೆ. ಕತ್ತೆಯ ಅರಚುವಿಕೆಯನ್ನು ಯಾರೂ ಅಳು ಎಂದುಕೊಳ್ಳುವುದಿಲ್ಲ. ಯಂತ್ರದ ಬಟ್ಟಲು ಕೆಚ್ಚಲಿಗೆ ಕಚ್ಚಿಕೊಂಡಾಗ ನಾನು ನಾಲ್ಕೂ ಕಾಲು ಊರಿ ನಿಂತೆ. ಒಂದು ಹನಿಯೂ ಇಳಿಯಲಿಲ್ಲ. ಹಟ ಮಾಡಿದೆನೋ, ಹಾಲೇ ಹಟ ಮಾಡಿತೋ, ಇವತ್ತಿಗೂ ಹೇಳಲಾರೆ. ಹಿಂಡಿದವರು ಒದ್ದರು, ಬೆಲ್ಲ ಕೊಟ್ಟರು. ಮತ್ತೆ ಕಾಲು ಊರಿದೆ. ಉಳಿದವರಲ್ಲೂ ಹಾಲು ಇಳಿಮುಖವಾಯಿತು. ನನ್ನ ಪಕ್ಕದ ಕರಿ ಕತ್ತೆಯ ಮರಿ ಪುಡಿ ಹಾಲು ಒಗ್ಗದೆ ಐದನೆಯ ದಿನ ಸತ್ತಿತು.

ಆರನೆಯ ದಿನ ಬೆಳಿಗ್ಗೆ ಹುಲಿಗೆವ್ವ ಯಾರನ್ನೂ ಕೇಳದೆ ಗುಡ್ಡದಾಚೆಗೆ ಹೋದಳು. ಬರುವಾಗ ಹೆಗಲ ಮೇಲೆ ಚಿಕ್ಕಿ ಇತ್ತು. ಅದರ ಕುತ್ತಿಗೆ ಜೋತುಬಿದ್ದಿತ್ತು. ನನ್ನ ಹತ್ತಿರ ಇಳಿಸಿ, ಅದರ ಮೂತಿಯನ್ನು ತಾನೇ ಎತ್ತಿ ಹಿಡಿದಳು. ಮರಿ ಬಾಯಿ ಹಾಕಿದ ಕ್ಷಣ ನನ್ನ ಕೆಚ್ಚಲು ಉರಿದು, ಹಾಲು ತಾನಾಗಿ ಸುರಿಯಿತು.

ಶ್ರೇಯಸ್ ಓಡಿ ಬಂದ. "ನೀವು ಕೆಲಸ ಬಿಟ್ಟು ಹೋಗಿ. ಈಗಲೇ."

"ಹೋಗ್ತೀನ್ರಿ. ಮರಿ ಕುಡದು ಮುಗೀಲಿ."

ಮುಗಿಯುವವರೆಗೆ ಅವಳು ಕದಲಲಿಲ್ಲ. ಆಮೇಲೆ ಎದ್ದು ಗೇಟಿನ ಹೊರಗೆ ಹೋದಳು. ಆದರೆ ಊರಿಗೆ ಹೋಗಲಿಲ್ಲ. ಎದುರಿನ ಜಾಲಿ ಮರದ ಕೆಳಗೆ ಗಂಟು ಇಟ್ಟು ಕೂತಳು. ನನ್ನ ಗೋದಲಿಯಿಂದ ಅವಳ ಸೀರೆಯ ಅಂಚು ಕಾಣುತ್ತಿತ್ತು. ಬಿಸಿಲು ಏರಿತು, ಇಳಿಯಿತು. ಒಳಗೆ ಹಾಲು ಹಿಂಡುತ್ತಿದ್ದ ಹೆಂಗಸರು ಅವಳಿಗೆ ರೊಟ್ಟಿ ಕೊಟ್ಟುಬಂದರು. "ಹೋಗಬೇ, ಮೇಡಮ್ಮರ ನಿನ್ನ ಮಾತ ಕೇಳ್ತಾರೇನ?" ಎಂದು ಒಬ್ಬಳು ಕೇಳಿದ್ದಕ್ಕೆ, "ಕೇಳಲಿ ಬಿಡಲಿ, ಹೇಳಿಯಂತೂ ಹೋಗ್ತೀನಿ" ಎಂದಳಂತೆ.

ಮೂರನೆಯ ದಿನ ಮೃಣಾಲಿನಿ ಮೇಡಂ ಬಂದರು. ಹಾಲು ಎರಡು ಲೀಟರಿಗೆ ಇಳಿದ ಸುದ್ದಿ ಅವರನ್ನು ತಂದಿತ್ತು. ಗೇಟಿನಲ್ಲಿ ಕಾರು ನಿಲ್ಲಿಸಿದರು.

"ಏನಮ್ಮ ಇದು, ಇಲ್ಲಿ ಕೂತಿದ್ದೀಯ?"

ಹುಲಿಗೆವ್ವ ಎದ್ದು ನಿಂತಳು. "ನೀವು ಬೂದೀನ ನನ್ನಿಂದ ತಗೊಂಡ್ರಿ, ಸರಿ. ಆಕಿ ನಿಮ್ಮಾಕಿ. ಆದ್ರ ಆಕೀ ಹಾಲು ನಿಮ್ಮೂ ಅಲ್ಲ, ನನ್ನೂ ಅಲ್ಲ. ಮೊದಲ ಮರೀವು. ಉಳದದ್ದು ನಾವು ಬೇಡಿ ತಗೋಬೇಕ್ರಿ. ಎಂಟು ದಿನ ಕೊಡ್ರಿ. ಮರಿಗೋಳು ತಾಯಂದಿರ ಹತ್ರ ಇರ್ಲಿ. ಬರೀ ಒಂದ ಮೊಲಿ ಕೈಲೆ ಹಿಂಡತೀವಿ. ಆರು ಲೀಟರು ಬರ್ಲಿಲ್ಲ ಅಂದ್ರ ನನ್ನ ಮುಖ ಮತ್ತ ನೋಡಬ್ಯಾಡ್ರಿ."

ಶ್ರೇಯಸ್ ಏನೋ ಹೇಳಹೋದ. ಮೇಡಂ ಕೈ ಎತ್ತಿ ತಡೆದು, ನನ್ನ ಹತ್ತಿರ ಬಂದು, ಅಂದಿನಿಂದ ನನ್ನ ಬಳಿಯೇ ಉಳಿದಿದ್ದ ಚಿಕ್ಕಿಯ ಪಕ್ಕೆಲುಬುಗಳನ್ನು ನೋಡಿದರು.

"ಎಂಟು ದಿನ" ಎಂದರು.

ಆ ಎಂಟು ದಿನ ಹುಲಿಗೆವ್ವ ಕೋಣೆಗೆ ಹೋಗಲಿಲ್ಲ. ನಮ್ಮ ನಡುವೆಯೇ ಗೋಣಿ ಹಾಸಿಕೊಂಡಳು. ಕೂಗಾಡುವವರನ್ನು ಒಳಗೆ ಬಿಡಲಿಲ್ಲ. ಮರಿ ಸತ್ತ ಕರಿ ಕತ್ತೆಗೆ ಚಿಕ್ಕಿಯನ್ನೇ ತೋರಿಸಿ, ತನ್ನದೇ ಮರಿ ಎಂದುಕೊಳ್ಳಲಿ ಎಂದು ಅದರ ಬೆನ್ನಿಗೆ ಕರಿ ಕತ್ತೆಯ ಬೆವರು ಸವರಿ, ಆರನೆಯ ದಿನಕ್ಕೆ ಅದೂ ಹಾಲು ಇಳಿಸುವಂತೆ ಮಾಡಿದಳು. ನನಗೆ ಹೊಟ್ಟೆಕಿಚ್ಚಾಯಿತು, ನಿಜ. ಆದರೆ ಮರಿ ದುಂಡಗಾಗುವುದನ್ನು ನೋಡಿ ಸುಮ್ಮನಾದೆ.

ಎಂಟನೆಯ ದಿನ ಅಳೆದಾಗ ಐದೂವರೆ ಲೀಟರು ಇತ್ತು.

"ಆರು ಆಗಲಿಲ್ಲ" ಎಂದ ಶ್ರೇಯಸ್.

"ಆಗಲಿಲ್ರಿ" ಎಂದಳು ಹುಲಿಗೆವ್ವ. ಗಂಟು ಎತ್ತಿಕೊಂಡಳು. ಕೊಟ್ಟ ಮಾತಿಗೆ ಎರಡು ಬಗೆಯುವ ಹೆಂಗಸಲ್ಲ ಅವಳು. ಗೇಟಿನವರೆಗೆ ನಡೆದೂ ಬಿಟ್ಟಳು.

"ಗಂಟು ಕೆಳಗಿಡು. ಎರಡು ಲೀಟರಿಗಿಂತ ಐದೂವರೆ ಹೆಚ್ಚು ಅನ್ನೋ ಲೆಕ್ಕ ನನಗೂ ಬರುತ್ತೆ" ಎಂದರು ಮೇಡಂ. ಯಂತ್ರ ಮೂಲೆ ಸೇರಿತು. ಆರ್ಡರಿಗೆ ಹಾಲು ಸಾಲದ್ದರಿಂದ ಗಾಜಿನ ಡಬ್ಬಿಗಳು ಇನ್ನೂ ಚಿಕ್ಕವಾದವು. ಬೆಲೆ ಅಷ್ಟೇ ಇತ್ತಂತೆ. ಚಿಕ್ಕದಾದಷ್ಟೂ ಜನ ಹೆಚ್ಚು ಮುಗಿಬಿದ್ದರಂತೆ. ಮನುಷ್ಯರ ಈ ವ್ಯವಹಾರ ನನ್ನ ತಲೆಗೆ ಹತ್ತುವುದಿಲ್ಲ.

ಹೀಗೆ ಇನ್ನೂ ನಾಲ್ಕು ವರ್ಷ ನಡೆಯಿತು. ಆಮೇಲೆ ಚೆಲುವೆಯರಿಗೆ ಕತ್ತೆ ಹಾಲು ಬೇಸರವಾಯಿತು. ಈಗ ಬಸವನಹುಳುವಿನ ಲೋಳೆಗೆ ಕಾಲ ಬಂದಿದೆ ಎಂದು ಮೇಡಂ ಹೇಳಿದರು. ಫಾರ್ಮ್ ಮುಚ್ಚುವ ದಿನ ಹುಲಿಗೆವ್ವನನ್ನು ಕರೆದು, ಕಣ್ಣು ಒರೆಸಿಕೊಂಡು, ಆರು ಡಬ್ಬಿ ಮುಖದ ಬೆಣ್ಣೆಯನ್ನು ರೇಷ್ಮೆ ಪೆಟ್ಟಿಗೆಯಲ್ಲಿಟ್ಟು ಕೊಟ್ಟರು. ಅಂಗಳದ ಇನ್ನೊಂದು ಬದಿಗೆ ಒಬ್ಬ ವ್ಯಾಪಾರಿ ನಿಂತಿದ್ದ. ಹಾಲು ಕೊಡುವ ಕತ್ತೆಗಳಿಗೆ ಗಿರಾಕಿಗಳಿದ್ದರು. ನಾನೂ ಸೇರಿ ಬತ್ತಿದ ಏಳು ಕತ್ತೆಗಳನ್ನು ಅವನು ಮಾಂಸಕ್ಕೆ ಒಯ್ಯುವವನಿದ್ದ. ನನ್ನ ಕೊರಳಿಗೆ ಅವನ ಹಗ್ಗ ಬಿದ್ದಾಗಿತ್ತು.

ಹುಲಿಗೆವ್ವ ಪೆಟ್ಟಿಗೆಯನ್ನು ಮೇಡಂ ಕೈಗೇ ತಿರುಗಿ ಇಟ್ಟಳು. "ಇದು ಬ್ಯಾಡ್ರಿ. ಆ ಏಳು ಕತ್ತಿ ಕೊಡ್ರಿ."

"ಬತ್ತಿದ್ದಾವೆ, ಹುಲಿಗೆಮ್ಮ. ಅವನ್ನು ಏನು ಮಾಡ್ತೀಯ?"

"ಮೊದಲ ಕರಕೊಂಡ ಹೋಗ್ತೀನ್ರಿ. ಏನ ಮಾಡೂದು ದಾರ್ಯಾಗ ಯೋಚನಿ ಮಾಡ್ತೀನಿ. ಮತ್ತ ಚಿಕ್ಕೀನೂ ಬೇಕ್ರಿ. ಆರು ವರ್ಷ ದುಡದೀನಿ, ಏನೂ ಕೇಳಿಲ್ಲ."

ವ್ಯಾಪಾರಿ ತಕರಾರು ತೆಗೆದ. ಅವಳು ಅವನ ಕಡೆ ತಿರುಗಲೂ ಇಲ್ಲ. ನನ್ನ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚುತ್ತಿದ್ದಳು. ಕೊನೆಗೆ ಮೇಡಂ ಅವನನ್ನು ಸಮಾಧಾನ ಮಾಡಿ ಕಳಿಸಿದರು.

ಎಂಟು ಕತ್ತೆ, ಒಬ್ಬಳು ಹೆಂಗಸು. ಎರಡು ದಿನ ನಡೆದೆವು. ದಾರಿಯಲ್ಲಿ ಕುರಿಗಾರರ ಹಟ್ಟಿ ಸಿಕ್ಕಿತು. ಅವರಿಗೆ ಊರಿಂದೂರಿಗೆ ಹೋಗುವಾಗ ಹಾಸಿಗೆ, ಪಾತ್ರೆ ಹೊರಲು ಕತ್ತೆ ಬೇಕು. ಭಾರ ಹಗುರ, ಮೇವು ಧಾರಾಳ. ಐದು ಕತ್ತೆಗಳನ್ನು ಅವರಲ್ಲಿ ಬಿಟ್ಟಳು, ಹೊಡೆಯುವುದಿಲ್ಲ ಎಂದು ಭಾಷೆ ತೆಗೆದುಕೊಂಡೇ ಬಿಟ್ಟಳು. ನಾನು, ಕರಿ ಕತ್ತೆ, ಚಿಕ್ಕಿ ಮೂವರು ಅವಳ ಮನೆ ಸೇರಿದೆವು.

ಚಿಕ್ಕಿ ಈಗ ಹಾಲು ಕೊಡುತ್ತಾಳೆ. ಹುಲಿಗೆವ್ವ ಅವಳನ್ನು ಕರೆದುಕೊಂಡು ಹತ್ತಿರದ ಓಣಿಗಳಿಗಷ್ಟೇ ಹೋಗಿಬರುತ್ತಾಳೆ. ನಾನು ಹಿತ್ತಲಿನ ಬೇವಿನ ಮರದ ಕೆಳಗೆ ಇರುತ್ತೇನೆ. ಹಲ್ಲು ಸವೆದಿವೆ, ಹಿಂದಿನ ಎಡಗಾಲು ಎತ್ತಿಡಲು ಹೊತ್ತು ಹಿಡಿಯುತ್ತದೆ. ಜೀವನದಲ್ಲಿ ಇಟ್ಟಿಗೆ ಹೊತ್ತೆ, ಕೂಸುಗಳಿಗೆ ಹಾಲೂಡಿದೆ, ನಾನು ಕಾಣದ ಎಷ್ಟೋ ಹೆಂಗಸರ ಕೆನ್ನೆಗೆ ಬೆಣ್ಣೆಯಾದೆ. ಬೈಯಬೇಕಾದರೆ ಜನ ಇಂದಿಗೂ ಕತ್ತೆ ಎಂಬ ಹೆಸರನ್ನೇ ಬಳಸುತ್ತಾರೆ. ಅದರ ಬಗ್ಗೆ ನನಗೆ ಬೇಸರವಿಲ್ಲ.

ಮೊನ್ನೆ ಪಕ್ಕದ ಮನೆಯ ಕನಕಪ್ಪ ಬೇಲಿಯ ಆಚೆ ನಿಂತು ನನ್ನನ್ನು ನೋಡಿದ. ಹುಲಿಗೆವ್ವ ಜೋಳದ ನುಚ್ಚು ನೆನೆಸಿ ತಂದು ನನ್ನ ಮುಂದೆ ಇಡುತ್ತಿದ್ದಳು.

"ಅಲ್ಲಬೇ ಯಕ್ಕಾ, ಹಾಲಿಲ್ಲ, ಹೊರಾಕ ಆಗಂಗಿಲ್ಲ. ಈ ಮುದಿ ಕತ್ತೀಗೆ ಸುಮ್ಮನ ಯಾಕ ಹಾಕ್ತಿ?" ಎಂದ.

ಹುಲಿಗೆವ್ವ ನುಚ್ಚಿನ ಗಂಟುಗಳನ್ನು ಬೆರಳಿನಿಂದ ಒಡೆಯುತ್ತಲೇ ಇದ್ದಳು.

"ಕನಕಪ್ಪ, ನಿಮ್ಮವ್ವಗ ಈಗ ಹಾಲು ಬರ್ತಾವೇನ?"

ಕನಕಪ್ಪ ತನ್ನ ಮನೆಯ ಕಡೆ ತಿರುಗಿದ. ಅವನ ಮನೆಯ ಪಡಸಾಲೆಯಲ್ಲಿ ಅವನ ತಾಯಿ ಗಂಗಾಳ ಮುಂದಿಟ್ಟುಕೊಂಡು ರೊಟ್ಟಿಗೆ ಕಾಯುತ್ತಿದ್ದಳು. ಅವನು ಒಳಗೆ ಹೋದ.

ನುಚ್ಚು ಮೆತ್ತಗಾಗಿತ್ತು. ನಾನು ತಿಂದೆ.