ಹತ್ತು ನಿಮಿಷದಲ್ಲಿ ಬರುತ್ತೇನೆ

"ಪಾತಾಳದಲ್ಲಿದ್ರೂ ನಿನ್ನ ಫೋನ್ ಎತ್ತುತ್ತೀನಿ, ಗುಬ್ಬಿ" ಎಂದು ಲಿಫ್ಟ್ ರಿಪೇರಿಯವನು ಮಗಳಿಗೆ ಮಾತು ಕೊಟ್ಟು ಹನ್ನೊಂದು ವರ್ಷವಾಗಿತ್ತು. ಅವಳನ್ನು ಶಾಲೆಯಿಂದ ಕರೆತರುವುದನ್ನೇ ಇವನು ಮರೆತು, ಶಾಲೆಯ ಆಯಾ ಹನ್ನೆರಡು ಸಲ ಫೋನ್ ಮಾಡಿದರೂ ಎತ್ತದ ಸಂಜೆ ಅದು. ಅಂದಿನಿಂದ ಮಗಳ ನಂಬರಿಗೆ ಬೇರೆಯದೇ ರಿಂಗು: ಕೋಳಿ ಕೂಗು. ಲಿಫ್ಟಿನ ತಳದ ಗುಂಡಿಗಿಳಿದು ಗ್ರೀಸು ಮೆತ್ತಿಕೊಂಡು ಕೂತಿದ್ದರೂ, ಮೇಲೆ ಟೂಲ್ ಬಾಕ್ಸಿನಲ್ಲಿ ಕೋಳಿ ಕೂಗಿತೆಂದರೆ ಮೊಣಕೈ ತರಚಿಕೊಂಡಾದರೂ ಏಣಿ ಹತ್ತಿ ಬರುತ್ತಿದ್ದ. ಒಂದು ಸಲವೂ ತಪ್ಪಿಸಿರಲಿಲ್ಲ.

ಹಾಳು ಆ್ಯಪ್ ಬಂದದ್ದು ಕಳೆದ ಭಾನುವಾರ. "ಭಾವ, ನೀವು ಫೋನ್ ಎತ್ತಲ್ಲ, ಗಿರಾಕಿಗಳು ಬೇರೆಯವರ ಹತ್ರ ಹೋಗ್ತಾರೆ" ಎಂದು ಬಾಮೈದ ಊಟಕ್ಕೆ ಕೂತಲ್ಲೇ ಅದನ್ನು ಫೋನಿಗೆ ತುಂಬಿದ. ತಪ್ಪಿದ ಕರೆಗೆಲ್ಲ ಇವನ ನಂಬರಿನಿಂದಲೇ ಮೆಸೇಜು ಹೋಗುತ್ತದೆ. ಒಕ್ಕಣೆಯೂ ಬಾಮೈದನದೇ: "ಗಾಬರಿಯಾಗಬೇಡಿ. ಬಾಗಿಲು ಎಳೆಯಬೇಡಿ. ಹತ್ತು ನಿಮಿಷದಲ್ಲಿ ಬರುತ್ತೇನೆ." ಲಿಫ್ಟಿನೊಳಗೆ ಸಿಕ್ಕಿಕೊಂಡವರಿಗೆ ಧೈರ್ಯ ಬರಲಿ ಎಂದು.

ಸಿಕ್ಕಿಕೊಂಡವರಿಗಿಂತ ಮೊದಲು ಅದು ತಲುಪಿದ್ದು ಅಕ್ಕನಿಗೆ. "ಏನೋ, ಬರ್ತೀನಿ ಅಂದೋನು ಬರ್ಲೇ ಇಲ್ಲ. ಟೀ ಕೆನೆಗಟ್ಟಿ ಕೂತಿದೆ. ಅದಿರ್ಲಿ, ನನ್ನ ಮನೆ ಬಾಗಿಲು ನಾನು ಯಾಕೋ ಎಳೀಬಾರ್ದು?"

ಮರುದಿನ ಹಲ್ಲಿನ ಡಾಕ್ಟರು ಇವನಿಗಾಗಿ ಕುರ್ಚಿ ಖಾಲಿ ಬಿಟ್ಟು ಕಾದರಂತೆ. ಹೆಂಡತಿಯಂತೂ ಮೆಸೇಜನ್ನು ಮುಖಕ್ಕೇ ಹಿಡಿದಳು. "ಹತ್ತು ನಿಮಿಷವಂತೆ! ಇಪ್ಪತ್ತು ವರ್ಷದಲ್ಲಿ ಒಂದ್ಸಲ ಹೇಳಿದ ಟೈಮಿಗೆ ಬಂದಿದ್ರೆ ತೋರ್ಸಿ, ನೋಡೋಣ."

ಬುಧವಾರ ರಾತ್ರಿ ಇವನು ಬಾಮೈದನಿಗೆ ಫೋನ್ ಮಾಡಿ ರೇಗಿದ. "ಮೊದಲು ಬಂದು ಇದನ್ನ ಕಿತ್ತು ಬಿಸಾಕು. ಊರಿಗೆಲ್ಲ ಉತ್ತರ ಕೊಟ್ಟು ಸಾಕಾಯ್ತು."

"ಭಾನುವಾರ ಬರ್ತೀನಿ ಭಾವ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ರಿಂಗೇ ಆಗದ ಹಾಗೆ ಇಟ್ಟಿದ್ದೀನಿ, ಅದಾದ್ರೂ ಆರಾಮಲ್ವಾ?"

ನಿಜವೇ. ನಾಲ್ಕು ದಿನದಿಂದ ಫೋನ್ ತೆಪ್ಪಗಿತ್ತು. ಅದೊಂದು ಲಾಭ ಎಂದುಕೊಂಡು ಸುಮ್ಮನಾದ. ಕೋಳಿಯ ನೆನಪಾಗಲಿಲ್ಲ.

ಗುರುವಾರ ಎಂಟು ಮಹಡಿಯ ಕಟ್ಟಡವೊಂದರ ಲಿಫ್ಟ್ ಕೈಕೊಟ್ಟಿತ್ತು. ಅದೇ ದಿನ ಮಗಳು ನರ್ಸಿಂಗ್ ಕಾಲೇಜಿಗೆ ಹೋಗಿದ್ದಳು. ಕಾಯುವವರ ಪಟ್ಟಿಯಲ್ಲಿ ಅವಳದೇ ಮೊದಲ ಹೆಸರು. ಯಾರಾದರೂ ಸೀಟು ಬಿಟ್ಟರೆ ಅವಳಿಗೆ, ನಾಲ್ಕು ಗಂಟೆಯ ಒಳಗೆ. "ನೀನು ಕೆಲಸ ಬಿಟ್ಟು ಬರ್ಬೇಡಪ್ಪ, ಬೇಕಾದ್ರೆ ಫೋನ್ ಮಾಡ್ತೀನಿ" ಎಂದು ಹೇಳಿ ಹೋಗಿದ್ದಳು.

ನಾಲ್ಕೂಕಾಲಿಗೆ ಗುಂಡಿಯಿಂದ ಮೇಲೆ ಬಂದು ಚಿಂದಿಬಟ್ಟೆಯಲ್ಲಿ ಕೈ ಒರೆಸಿಕೊಂಡ. ಫೋನ್ ನೋಡಿದ. ಮಗಳ ಕರೆ, ಮೂರು ಸಲ. ಒಂದೊಂದರ ಕೆಳಗೂ ಅದೇ ಉತ್ತರ. ಕೂಡಲೇ ಅವಳಿಗೆ ಫೋನ್ ಮಾಡಿದ.

"ಎಲ್ಲಿದ್ದೀಯಪ್ಪ?" ಅವಳ ದನಿ ಮೆತ್ತಗಿತ್ತು. "ಒಂದು ಸೀಟು ಖಾಲಿಯಾಗಿತ್ತು. ತಂದೆ ಇಲ್ಲಾ ತಾಯಿ ಬಂದು ಸಹಿ ಹಾಕ್ಬೇಕು ಅಂದ್ರು."

"ಅಮ್ಮನಿಗೆ ಮಾಡೋದಲ್ವಾ? ಅವಳ ಆಫೀಸು ಅಲ್ಲೇ ಪಕ್ಕದ ರಸ್ತೇಲಿದೆ!"

"ನೀನು ಬರ್ತೀನಿ ಅಂದ್ಯಲ್ಲ. ನೀನೇ ಬರೆದದ್ದು ಅಂದ್ಕೊಂಡೆ."

"ಅದು ನಾನಲ್ಲ ಕಣೇ! ನಿನ್ನ ಮಾವ ಹಾಕಿದ ಆ ದರಿದ್ರ..."

"ಗುಮಾಸ್ತರಿಗೂ ಮೆಸೇಜ್ ತೋರಿಸ್ದೆ. ಪಾಪ, ನಾಲ್ಕು ಹೊಡೆಯೋ ತನಕ ಕಾದ್ರು. ಇನ್ನೊಬ್ಬಳ ಅಪ್ಪ ಪಕ್ಕದಲ್ಲೇ ನಿಂತಿದ್ರು. ಅವಳಿಗೆ ಕೊಟ್ಟುಬಿಟ್ರು."

ಸ್ಕೂಟರು ತಲುಪಲು ನಲವತ್ತು ನಿಮಿಷ ಹಿಡಿಯಿತು. ಇವನು ದಾರಿಯುದ್ದಕ್ಕೂ ಬಾಮೈದನನ್ನು ಬೈದ, ಆ್ಯಪನ್ನು ಬೈದ, ಕೆಂಪು ದೀಪಗಳನ್ನು ಬೈದ. ಕಾಲೇಜಿನ ಗೇಟು ಕಂಡಾಗ ಬೈಗುಳ ಮುಗಿದಿತ್ತು.

ಕಚೇರಿಯ ಕಿಟಕಿ ಮುಚ್ಚಿತ್ತು. ಮಗಳು ಹೊರಗಿನ ಬೆಂಚಿನ ತುದಿಯಲ್ಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಪಕ್ಕದ ಜಾಗವನ್ನು ಚೀಲ ಇಟ್ಟು ಅಪ್ಪನಿಗೆಂದು ಹಿಡಿದಿದ್ದಳು. ಇವನನ್ನು ಕಂಡು ಚೀಲವನ್ನು ಎತ್ತಿ ನೆಲಕ್ಕಿಟ್ಟಳು.

ಇವನು ಕೂತ. ಪ್ಯಾಂಟಿನ ಗ್ರೀಸು ಅವಳ ಬಟ್ಟೆಗೆ ತಾಗದಂತೆ ಕಾಲು ಸರಿಸಿಕೊಂಡ. ಇಬ್ಬರ ನಡುವೆ ಇಟ್ಟ ಫೋನು ಸದ್ದಿಲ್ಲದೆ ಬೆಳಗಿತು. ಹೆಂಡತಿ. ಗಾಜು ತುಂಬ ಗ್ರೀಸಿನ ಬೆರಳಚ್ಚು. ಕೈ ಹಾಕುವಷ್ಟರಲ್ಲಿ ಬೆಳಕು ಆರಿ, ಅವಳಿಗೂ ಉತ್ತರ ಹೋಯಿತು. ಗಾಬರಿಯಾಗಬೇಡಿ. ಬಾಗಿಲು ಎಳೆಯಬೇಡಿ.

ಮಗಳು ಬಗ್ಗಿ ಅದನ್ನು ಕೊನೆಯವರೆಗೂ ಓದಿದಳು. ಆಮೇಲೆ ದುಪಟ್ಟಾದ ತುದಿಯಿಂದ ಗಾಜನ್ನು ಒರೆಸತೊಡಗಿದಳು.

ಹನ್ನೊಂದು ವರ್ಷ ನಡೆಸಿಕೊಂಡು ಬಂದಿದ್ದ ಮಾತು ತಪ್ಪಿತ್ತು.